ಕೌದಿ, ಟಿಕಳಿ ಮತ್ತು ಆರನೇ ವಿಡಿಯೊ: ನನ್ನ ಇಂಟರ್‌ವ್ಯೂ ಅನುಭವ

ಆರನೇ ಸಲಕ್ಕೆ ಕೆಲಸ ಸಿಕ್ಕಿತು. ಮೊದಲ ಐದರಲ್ಲಿ ನಾಲ್ಕು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಕಡೆಯಿಂದ ಎರಡು ಸಾಲಿನ ಮೇಲ್ ಬಂತು, ಅಷ್ಟೇ. ಎದುರಿಗೆ ಯಾರೂ ಇಲ್ಲದೆ, ನಾವೇ ರೆಕಾರ್ಡ್ ಮಾಡಿ ಕಳಿಸುವ ಇಂಟರ್‌ವ್ಯೂ ಬಗ್ಗೆ ಹೇಳ್ತಿದ್ದೇನೆ. ತೆರೆಯ ಮೇಲೆ ಪ್ರಶ್ನೆ ಬರುತ್ತೆ, ನಾವು ಕ್ಯಾಮೆರಾ ನೋಡಿ ಉತ್ತರ ಹೇಳಬೇಕು.

ನಮ್ಮಣ್ಣ ಮೊದಲ ದಿನವೇ ನಕ್ಕಿದ್ದ. "ಮೊಬೈಲ್ ಮುಂದ ಒಬ್ಬಾಕಿನೇ ಕುಂತು ಮಾತಾಡಿದ್ರ ನೌಕರಿ ಕೊಡ್ತಾರೇನವಾ?" ಅಂದ. ಐದನೆಯದೂ ಹೋದ ಮೇಲೆ ನನಗೂ ಹಾಗೇ ಅನಿಸಿತ್ತು.

ನಾನು ಬಿ.ಕಾಂ. ರಾಯಚೂರಿನ ಗಂಜ್‌ನಲ್ಲಿ, ಅಂದರೆ ಕೃಷಿ ಮಾರುಕಟ್ಟೆಯಲ್ಲಿ, ಒಂದು ಅಡತಿ (ದಲಾಲಿ) ಅಂಗಡಿ, ಆಮೇಲೆ ಹತ್ತಿಯಿಂದ ಬೀಜ ಬಿಡಿಸುವ ಒಂದು ಜಿನ್ನಿಂಗ್ ಫ್ಯಾಕ್ಟರಿ, ಎರಡೂ ಸೇರಿ ಏಳು ವರ್ಷ ಲೆಕ್ಕ ಬರೆದಿದ್ದೇನೆ. ಮಗಳು ಹುಟ್ಟಿದ ಮೇಲೆ ಎರಡು ವರ್ಷ ಗ್ಯಾಪ್. ಬೆಂಗಳೂರಿನ ಕಂಪನಿಗಳ ಅಕೌಂಟ್ಸ್ ಕೆಲಸಕ್ಕೆ ಹಾಕುತ್ತಿದ್ದೆ.

ಸೋತ ಕಥೆ ಮೊದಲು. ಮೊದಲನೆಯದು ಮೇ ತಿಂಗಳಲ್ಲಿ. ರಾಯಚೂರಿನ ಮೇ ಅಂದರೆ ಗೊತ್ತಲ್ಲ. ಫ್ಯಾನು, ಕೂಲರು ಎರಡೂ ಹಾಕಿಕೊಂಡೇ ಮಾತಾಡಿದ್ದೆ. ಆಮೇಲೆ ಕೇಳಿದರೆ ನನ್ನ ದನಿಗಿಂತ ಕೂಲರ್ ದನಿಯೇ ಜೋರು. ಎರಡನೆಯದಕ್ಕೆ ಕೋಚಿಂಗ್ ಸೇರಿದೆ, 4,500 ರೂಪಾಯಿ. ಅವರು ಇಪ್ಪತ್ತು ಉತ್ತರ ಇಂಗ್ಲಿಷ್‌ನಲ್ಲಿ ಬರೆದು ಕೊಟ್ಟು, ಬಾಯಿಪಾಠ ಮಾಡಿ ಅಂದರು. ಮಾಡಿದೆ. ಕ್ಯಾಮೆರಾ ಮುಂದೆ ಎರಡನೇ ಸಾಲು ಮರೆತರೆ ಮೂರನೆಯದೂ ಬರುವುದಿಲ್ಲ. ಅದಕ್ಕೇ ಹಾಳೆ ನೋಡಿಕೊಂಡು ಓದಿದೆ. ಕಣ್ಣು ಎಡದಿಂದ ಬಲಕ್ಕೆ ಓಡುವುದು ವಿಡಿಯೊದಲ್ಲಿ ಅಷ್ಟು ಚೆನ್ನಾಗಿ ಕಾಣುತ್ತೆ ಅಂತ ಆಮೇಲೆ ಗೊತ್ತಾಯಿತು.

ಮೂರನೆಯದರಲ್ಲಿ ಕರೆಂಟ್ ಹೋಯಿತು. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸ್ಥಾವರ ಇಟ್ಟುಕೊಂಡ ಜಿಲ್ಲೆ ನಮ್ಮದು, ದೀಪದ ಬುಡದಲ್ಲೇ ಕತ್ತಲು! ವೈಫೈ ಡಬ್ಬಿ ಆರಿತು, ಉತ್ತರ ಅರ್ಧಕ್ಕೆ ನಿಂತಿತು, ಮತ್ತೆ ಹೇಳಲು ಅವಕಾಶ ಇರಲಿಲ್ಲ. ನಾಲ್ಕನೆಯದನ್ನು ಮೊಬೈಲ್‌ನಲ್ಲೇ ಮಾಡಿದೆ. ನಡುವೆ ಗ್ಯಾಸ್ ಸಿಲಿಂಡರ್‌ನವರ ಫೋನ್ ಬಂತು, ರೆಕಾರ್ಡಿಂಗ್ ನಿಂತುಹೋಯಿತು. ಐದನೆಯದಕ್ಕೆ 900 ಕೊಟ್ಟು ಕಾಲರ್ ಮೈಕ್ ತಂದೆ. ಬ್ರೌಸರ್ ಅದನ್ನು ಬಿಟ್ಟು ಲ್ಯಾಪ್‌ಟಾಪಿನ ಮೈಕನ್ನೇ ಹಿಡಿದಿತ್ತು. ನಾನು ನೋಡಲೇ ಇಲ್ಲ. ಬಾವಿಯೊಳಗಿಂದ ಮಾತಾಡಿದ ಹಾಗೆ ಬಂದಿತ್ತು. ಇದರ ಜೊತೆ ರಿಂಗ್ ಲೈಟ್ ಸುಮಾರು 700, ಸ್ಟ್ಯಾಂಡ್ 350. ಒಟ್ಟು ಆರೂವರೆ ಸಾವಿರದ ಹತ್ತಿರ ಹೋಯಿತು, ಬಂದದ್ದು ಸೊನ್ನೆ.

ಆಮೇಲೆ ನಾನು ನನಗೆ ಗೊತ್ತಿರುವ ಕೆಲಸ ಮಾಡಿದೆ. ಲೆಕ್ಕ ಬರೆದೆ. ಒಂದು ವಾರ ನೋಟ್‌ಬುಕ್ಕಿನಲ್ಲಿ ನಮ್ಮ ಓಣಿಯ ಸದ್ದಿನ ರೋಜು, ಅಂದರೆ ದಿನದ ಲೆಕ್ಕ. ಕಸದ ಗಾಡಿಯ ಹಾಡು ಏಳೂವರೆಗೆ, ತರಕಾರಿ ಗಾಡಿಯ ಮೈಕು ಹತ್ತಕ್ಕೆ, ಎದುರು ಮನೆಯ ಕುಕ್ಕರ್ ಹನ್ನೆರಡಕ್ಕೆ, ರೈಲಿನ ಹಾರ್ನ್ ಮನಸ್ಸು ಬಂದಾಗ. ಶಾಂತಿ ಇರುವುದು ಮಧ್ಯಾಹ್ನ ಎರಡೂವರೆಯಿಂದ ಮೂರೂ ಮುಕ್ಕಾಲರವರೆಗೆ ಮಾತ್ರ. ಬಿಸಿಲಿಗೆ ಜನವೇ ಹೊರಗೆ ಬರಲ್ಲ. ಮಗಳೂ ಮಲಗಿರುತ್ತಾಳೆ.

ಆದರೆ ಆ ಹೊತ್ತಿಗೆ ಫ್ಯಾನ್ ಆರಿಸಿದರೆ ಜೀವ ಹೋಗುತ್ತೆ. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ನಾವು ಬಟನ್ ಒತ್ತುವವರೆಗೆ ಇಂಟರ್‌ವ್ಯೂ ಸಾಫ್ಟ್‌ವೇರ್ ಕಾಯುತ್ತೆ ಅಂತ ಐದು ಸಲ ಸೋತ ಮೇಲೆ ನನ್ನ ತಲೆಗೆ ಹೊಳೆಯಿತು. ಎಲ್ಲ ಕಡೆ ಹೀಗೆ ಇರಲ್ಲ, ಅಭ್ಯಾಸದ ಪ್ರಶ್ನೆಯಲ್ಲೇ ನೋಡಿಕೊಳ್ಳಬೇಕು. ಅತ್ತೆಯನ್ನು ಸ್ವಿಚ್ಚಿನ ಹತ್ತಿರ ಕೂರಿಸಿದೆ. ಉತ್ತರ ಮುಗಿದ ತಕ್ಷಣ ಫ್ಯಾನ್ ಹಾಕುವುದು, ನಾನು ಕೈ ಎತ್ತಿದರೆ ಆರಿಸುವುದು.

ದನಿ ಗುಂಯ್‌ಗುಡದ ಹಾಗೆ ಮೂರು ಗೋಡೆಗೆ ಕೌದಿ ನೇತುಹಾಕಿದೆ. ಅತ್ತೆ ಹೊಲಿದದ್ದು, ಹಳೆ ಸೀರೆಯ ನಾಲ್ಕು ಪದರ. ಸ್ಟುಡಿಯೊದಲ್ಲಿ ಸ್ಪಂಜು ಅಂಟಿಸುತ್ತಾರಲ್ಲ, ನನ್ನ ಕೌದಿ ಅದಕ್ಕೇನೂ ಕಡಿಮೆಯಿಲ್ಲ. ಕಿಟಕಿ ಎದುರಿಗೆ ಕುಳಿತೆ. ಮುಖದ ಒಂದು ಕಡೆ ಕತ್ತಲಾಗುತ್ತಿತ್ತು. ಮಗಳ ಹುಟ್ಟುಹಬ್ಬಕ್ಕೆ ತಂದಿದ್ದ ಥರ್ಮೋಕೋಲ್ ಹಾಳೆಯನ್ನು ಆ ಕಡೆ ನಿಲ್ಲಿಸಿದೆ, ಸರಿಹೋಯಿತು. ಮೈಕಿಗೆ 150 ರೂಪಾಯಿಯ ವೈರ್ ಇರುವ ಇಯರ್‌ಫೋನ್. ಲ್ಯಾಪ್‌ಟಾಪಿನ ಕೆಳಗೆ ಎರಡು ಅಕ್ಕಿ ಡಬ್ಬಿ. ಕ್ಯಾಮೆರಾದ ಪಕ್ಕದಲ್ಲೇ ಒಂದು ಕೆಂಪು ಟಿಕಳಿ (ಹಣೆಯ ಬಿಂದಿ) ಅಂಟಿಸಿ ಅದನ್ನೇ ನೋಡಿ ಮಾತಾಡಿದೆ. ತೆರೆಯಲ್ಲಿ ಕಾಣುವ ನನ್ನ ಮುಖವನ್ನು ಬ್ರೌಸರ್ ಕಿಟಕಿ ಸಣ್ಣದು ಮಾಡಿ ಮೇಲಕ್ಕೆ ತಳ್ಳಿದ್ದೆ. ನೆಟ್‌ಗೆ ಮೊಬೈಲ್ ಹಾಟ್‌ಸ್ಪಾಟ್, ಕರೆ ಬರದ ಎರಡನೇ ಸಿಮ್ಮಿನಿಂದ.

ಇದೆಲ್ಲ ಸಾಮಾನಿನ ಮಾತು. ನಿಜವಾಗಿ ಕೆಲಸ ಮಾಡಿದ್ದು ಬೇರೆ. ಅದನ್ನು ಹೇಳಿದಾಗ ಕೋಚಿಂಗಿನವರೂ ನಕ್ಕರು, ಅಣ್ಣನೂ ನಕ್ಕ. ನಾನು ಉತ್ತರಗಳನ್ನು ಮೊದಲು ನಮ್ಮ ಕನ್ನಡದಲ್ಲಿ ಹೇಳಿದೆ, ಅದೂ ಅತ್ತೆಗೆ.

ಒಂದು ಉದಾಹರಣೆ. ಹತ್ತಿ ಸೀಜನ್‌ನಲ್ಲಿ ಒಂದು ದಿನ ಲೆಕ್ಕ ಕೂಡಲಿಲ್ಲ, 38 ಸಾವಿರದ ಹತ್ತಿರ ವ್ಯತ್ಯಾಸ. ಮಾಲೀಕರು ಹಮಾಲರ ಮೇಲೆ ಅನುಮಾನ ಪಟ್ಟರು. ನಾನು ರಾತ್ರಿ ಕುಳಿತು ತೂಕದ ಚೀಟಿಗಳನ್ನು ಒಂದೊಂದಾಗಿ ಟ್ಯಾಲಿ ಸಾಫ್ಟ್‌ವೇರ್‌ನ ಲೆಕ್ಕದ ಜೊತೆ ತಾಳೆ ನೋಡಿದೆ. ಒಂದೇ ಲೋಡು ಎರಡು ಸಲ ಎಂಟ್ರಿ ಆಗಿತ್ತು. ಕೋಚಿಂಗಿನ ಇಂಗ್ಲಿಷ್‌ನಲ್ಲಿ ಇದು "ನಾನು ಸಮಸ್ಯೆಗಳನ್ನು ಚೆನ್ನಾಗಿ ಬಿಡಿಸುತ್ತೇನೆ" ಅಂತಾಗಿತ್ತು. ಹಮಾಲರೂ ಇಲ್ಲ, ಚೀಟಿಯೂ ಇಲ್ಲ. ಅತ್ತೆಗೆ ಹೇಳಿದಾಗ ನಾಲ್ಕು ನಿಮಿಷ ಹಿಡಿಯಿತು. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಅವರು ಆಕಳಿಸಿದ ಕಡೆಯೆಲ್ಲ ಕತ್ತರಿ ಹಾಕಿದೆ. "ಮುಂದ ಏನಾತು?" ಅಂತ ಕೇಳಿದ ಕಡೆ ಉಳಿಸಿಕೊಂಡೆ. ಒಂದು ನಿಮಿಷ ಇಪ್ಪತ್ತು ಸೆಕೆಂಡಿಗೆ ಬಂತು. ಆಮೇಲೆ ಅದೇ ಸಾಲಿನ ಕ್ರಮದಲ್ಲಿ, ಸಣ್ಣ ಸಣ್ಣ ವಾಕ್ಯದ ಇಂಗ್ಲಿಷ್. ಬಾಯಿಪಾಠ ಬೇಕಾಗಲೇ ಇಲ್ಲ. ನಡೆದದ್ದನ್ನು ಯಾರು ಮರೆಯುತ್ತಾರೆ?

ಹೀಗೆ ಐದು ಕಥೆ ಮಾಡಿಕೊಂಡೆ. ತಪ್ಪು ಮಾಡಿದ್ದು, ಜಗಳ ಬಿಡಿಸಿದ್ದು, ಅವಸರದಲ್ಲಿ ಮುಗಿಸಿದ್ದು, ಹೊಸದು ಕಲಿತದ್ದು, ಮತ್ತೆ ಈ ಹತ್ತಿ ಲೋಡಿನದು. ಕೇಳುವ ಹೆಚ್ಚಿನ ಪ್ರಶ್ನೆಗಳಿಗೆ ಇವುಗಳಲ್ಲಿ ಒಂದು ಹೊಂದುತ್ತೆ. ಟಿಕಳಿಯ ಕೆಳಗೆ ಒಂದೊಂದು ಕಥೆಗೆ ನಾಲ್ಕೇ ಪದ ಬರೆದ ಚೀಟಿ: "ಲೋಡು, ಹಮಾಲ, ಚೀಟಿ, 38". ಎರಡು ವರ್ಷದ ಗ್ಯಾಪ್ ಬಗ್ಗೆ ಹೇಗೆ ಶುರು ಮಾಡಿದೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ನನ್ನ ತಂಗಿ ಇನ್ನೂ ಎರಡು ಕಡೆ ಹಾಕಿದ್ದಾಳೆ, ಅದು ಅವಳಿಗೆ ಮೀಸಲು.

ನಡುವೆ ಸುಮ್ನೆ ಒಂದೆರಡು ಪರೀಕ್ಷೆಯನ್ನೂ ಮಾಡಿದೆ. ಇಳಕಲ್ ಸೀರೆ ಉಟ್ಟು ರೆಕಾರ್ಡ್ ಮಾಡಿದರೆ ಒಡಲಿನ ಸಣ್ಣ ಚೌಕಳಿ ಇರುವೆ ಹರಿದ ಹಾಗೆ ಕುಣಿಯಿತು. ಒಂದೇ ಬಣ್ಣದ ಕಾಟನ್‌ಗೆ ಬದಲಾದೆ. ಇನ್ನೊಂದು, ನಗು. ಕಂಪ್ಯೂಟರ್ ಮುಖ ನೋಡಿ ಮಾರ್ಕ್ಸ್ ಹಾಕುತ್ತೆ, ನಗುತ್ತಾನೇ ಇರು ಅಂತ ಅಣ್ಣ ಹೇಳಿದ್ದ. ಹಾಗೆ ಮಾಡಿದ ವಿಡಿಯೊ ನೋಡಿ ಮಗಳೇ ಹೆದರಿದಳು. ಆಮೇಲೆ ಓದಿದೆ, ಈ ಥರದ ಇಂಟರ್‌ವ್ಯೂ ನಡೆಸುವ ಅಮೆರಿಕದ ಹೈರ್‌ವ್ಯೂ ಕಂಪನಿ ಮುಖಭಾವ ಅಳೆಯುವುದನ್ನು ಕೈಬಿಟ್ಟಿದ್ದಾಗಿ 2021ರಲ್ಲೇ ಹೇಳಿದೆ. ಸಾಕಲ್ವಾ? ಹತ್ತಿ ಕಥೆಯಲ್ಲಿ ನಗು ಬರುವ ಕಡೆ ನಕ್ಕೆ, ಅಷ್ಟೇ.

ಆರನೆಯದರಲ್ಲಿ ಆರು ಪ್ರಶ್ನೆ ಇತ್ತು, ಒಂದೊಂದಕ್ಕೆ ತೊಂಬತ್ತು ಸೆಕೆಂಡು. ಐದು ದಿನ ಗಡುವು ಕೊಟ್ಟಿದ್ದರು, ನಾನು ಎರಡನೇ ದಿನವೇ ಮುಗಿಸಿದೆ. ನಾಲ್ಕನೆಯದರಲ್ಲಿ ಒಂದು ಇಂಗ್ಲಿಷ್ ಪದ ನೆನಪಾಗದೆ ತಡವರಿಸಿದೆ. ಸುಲಭದ ಪದ ಹಾಕಿ ಮುಂದೆ ಹೋದೆ. ಹನ್ನೆರಡೋ ಹದಿಮೂರೋ ದಿನಕ್ಕೆ ಫೋನ್ ಬಂತು. ಆಮೇಲಿನ ಲೈವ್ ಸುತ್ತಿನಲ್ಲಿ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ, ಕೊನೆಗೆ ಆ ಹಮಾಲರಿಗೆ ಮಾಲೀಕರು ಏನು ಹೇಳಿದರು ಅಂತ. ಸಂಬಳ ಕೈಗೆ ಇಪ್ಪತ್ತಾರು ಸಾವಿರ ಚಿಲ್ಲರೆ, ಕೆಲಸ ಹೆಚ್ಚಾಗಿ ಮನೆಯಿಂದಲೇ. ಈ ಸಲ ಹೊಸದಾಗಿ ಖರ್ಚಾಗಿದ್ದು ಆ ಇಯರ್‌ಫೋನಿನ 150 ಮಾತ್ರ.

ಅಣ್ಣ ಈಗ ತನ್ನ ಮಗನನ್ನು ನನ್ನ ಹತ್ತಿರ ಕಳಿಸುತ್ತಿದ್ದಾನೆ. ಅವನೂ ಬಂದ ಮೊದಲ ದಿನ ರಿಂಗ್ ಲೈಟ್ ಯಾವುದು ತರಲಿ ಅಂತಲೇ ಕೇಳಿದ. ನನ್ನದೇ ಇದೆ, ಹೊಸದರ ಹಾಗೇ ಇದೆ, ಮುನ್ನೂರು ಕೊಡು ಅಂದೆ.