ಬಿಡುವಿನ ನಂತರ ಮತ್ತೆ ಬಾರ್‌ಗೆ ಕೈ: ವೇಟ್‌ಲಿಫ್ಟಿಂಗ್ ಸ್ಪರ್ಧೆಗೆ 12 ವಾರಗಳ ತಯಾರಿ

ಒಂದು ಕಾಲಕ್ಕೆ ಸ್ನ್ಯಾಚ್ (ಬಾರನ್ನು ನೆಲದಿಂದ ಒಂದೇ ಎಳೆತಕ್ಕೆ ತಲೆಯ ಮೇಲೆ ಎತ್ತುವುದು) ಮತ್ತು ಕ್ಲೀನ್ ಆ್ಯಂಡ್ ಜರ್ಕ್ (ಮೊದಲು ಭುಜಕ್ಕೆ, ಅಲ್ಲಿಂದ ತಲೆಯ ಮೇಲೆ ಎತ್ತುವುದು) ಎರಡರಲ್ಲೂ ಪಳಗಿದ್ದು, ಆಮೇಲೆ ಕೆಲಸವೆಂದೋ ಗಾಯವೆಂದೋ ಬಾರ್‌ನಿಂದ ದೂರ ಉಳಿದವರು ಮತ್ತೆ ಹವ್ಯಾಸಿ ಸ್ಪರ್ಧೆಯೊಂದಕ್ಕೆ ಹೆಸರು ಕೊಡಲು ಮನಸ್ಸು ಮಾಡಿದಾಗ, ಕುಗ್ಗಿದ ಬಲಕ್ಕಿಂತ ಹೆಚ್ಚಾಗಿ ತಲೆಯಲ್ಲಿ ಹಾಗೆಯೇ ಉಳಿದ ಹಳೆಯ ಅಂಕಿಗಳೇ ಅವರನ್ನು ಕಾಡುತ್ತವೆ. ಕಳೆದುಕೊಂಡ ಬಲವನ್ನು ಮರಳಿ ಪಡೆಯುವುದು ಅದನ್ನು ಮೊದಲ ಬಾರಿ ಗಳಿಸುವುದಕ್ಕಿಂತ ಸುಲಭ. ತರಬೇತಿಯ ಕಾಲದಲ್ಲಿ ಸ್ನಾಯುತಂತುಗಳೊಳಗೆ ಹೆಚ್ಚಿದ ಕೋಶಕೇಂದ್ರಗಳು ಬಿಡುವಿನಲ್ಲಿಯೂ ಬಹುಕಾಲ ಉಳಿಯುತ್ತವೆ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ; ನರಮಂಡಲವೂ ಒಮ್ಮೆ ಕಲಿತ ಚಲನೆಯನ್ನು ಪೂರ್ತಿ ಮರೆಯುವುದಿಲ್ಲ. ಆದರೆ ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆಯಿರುವುದರಿಂದ, ಅವು ಭಾರಕ್ಕೆ ಹೊಂದಿಕೊಳ್ಳಲು ಸ್ನಾಯುಗಳಿಗಿಂತ ಎಷ್ಟೋ ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ. ಮೂರನೆಯ ಅಥವಾ ನಾಲ್ಕನೆಯ ವಾರಕ್ಕೆ ‘ಹಳೆಯ ಕಸುವು ಬಂತು’ ಎಂದು ಪ್ಲೇಟ್ ಏರಿಸಿದವರಿಗೆ ಮೊಣಕಾಲಿನ ಚಿಪ್ಪಿನ ಕೆಳಗೋ ಮೊಣಕೈಯಲ್ಲೋ ನೋವು ಶುರುವಾಗುವುದು ಈ ಅಂತರದಿಂದಲೇ. ಇಲ್ಲಿ ಕೊಟ್ಟಿರುವ ಕ್ರಮ ಆ ಅಂತರವನ್ನು ಗಮನದಲ್ಲಿಟ್ಟುಕೊಂಡದ್ದು.

ಸ್ಪರ್ಧೆಯ ದಿನದಿಂದ ಹಿಂದಕ್ಕೆ ಎಣಿಸಿ

ಬಿಡುವು ಒಂದು ವರ್ಷದ ಆಸುಪಾಸಿನದಾಗಿದ್ದರೆ 12 ವಾರಗಳು ಸಾಲುತ್ತವೆ. ಮೂರು ನಾಲ್ಕು ವರ್ಷ ಬಾರ್ ಮುಟ್ಟದವರು ಈ ಸ್ಪರ್ಧೆಯನ್ನು ಬಿಟ್ಟು ಮುಂದಿನದಕ್ಕೆ ಹೆಸರು ಕೊಡುವುದೇ ಮೇಲು. ದಿನಗಳು ಕಡಿಮೆಯಿವೆಯೆಂದು ಅವಸರಪಡುವವರು ಸಾಮಾನ್ಯವಾಗಿ ಕತ್ತರಿ ಹಾಕುವುದು ಮೊದಲ ಎರಡು ವಾರಗಳಿಗೆ. ಯಾವ ಕಾರಣಕ್ಕೂ ಬಿಡಬಾರದ ವಾರಗಳು ಅವೇ. 40 ದಾಟಿದವರು, ರಕ್ತದೊತ್ತಡ ಅಥವಾ ಹೃದಯದ ತೊಂದರೆಯಿರುವವರು, ಹಿಂದೆ ಬೆನ್ನಿನ ಡಿಸ್ಕ್ ಜಾರಿದ್ದವರು ವೈದ್ಯರನ್ನು ಕಂಡ ನಂತರವೇ ಆರಂಭಿಸಬೇಕು, ಏಕೆಂದರೆ ಉಸಿರು ಬಿಗಿಹಿಡಿದು ಭಾರ ಎತ್ತುವ ಆ ಕೆಲವು ಕ್ಷಣಗಳಲ್ಲಿ ರಕ್ತದೊತ್ತಡ ವಿಪರೀತ ಏರುತ್ತದೆ.

ಮೊದಲ ಎರಡು ವಾರ: ಭಂಗಿ, ಅಂಗೈ, ಕೀಲುಗಳು

ವಾರಕ್ಕೆ ಮೂರು ದಿನ, ದಿನಕ್ಕೆ ಒಂದು ಗಂಟೆ ಸಾಕು. ಪುರುಷರ ಬಾರ್ 20 ಕೆ.ಜಿ., ಮಹಿಳೆಯರದು 15 ಕೆ.ಜಿ.; ಮೊದಲ ದಿನಗಳಲ್ಲಿ ಬರಿಯ ಬಾರ್ ಹಿಡಿದು ಓವರ್‌ಹೆಡ್ ಸ್ಕ್ವಾಟ್ (ಬಾರನ್ನು ತಲೆಯ ಮೇಲೆ ಹಿಡಿದು ಕುಳಿತೇಳುವುದು), ಫ್ರಂಟ್ ಸ್ಕ್ವಾಟ್ (ಬಾರನ್ನು ಭುಜದ ಮುಂಭಾಗದಲ್ಲಿಟ್ಟು ಕುಳಿತೇಳುವುದು), ಜರ್ಕ್‌ನ ಕಾಲು ಹೆಜ್ಜೆ ಇವನ್ನಷ್ಟೇ ನಿಧಾನವಾಗಿ ಮಾಡಬೇಕು. ಎಳೆಯುವ ಅಭ್ಯಾಸದಲ್ಲಿ ಬಾರನ್ನು ಮೊಣಕಾಲಿನ ಕೆಳಗೆ ಒಮ್ಮೆ, ತೊಡೆಯ ನಡುಭಾಗದಲ್ಲಿ ಒಮ್ಮೆ, ಎರಡು ಮೂರು ಸೆಕೆಂಡು ತಡೆದು ನಿಲ್ಲಿಸಿದರೆ, ಬೆನ್ನು ಎಲ್ಲಿ ಸಡಿಲವಾಗುತ್ತದೆ, ಭಾರ ಪಾದದ ಮುಂಭಾಗಕ್ಕೆ ಯಾವಾಗ ಜಾರುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಹಗುರ ಭಾರದಿಂದ ಆರಂಭಿಸುವಾಗ ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿಯೊಂದಿದೆ. ಸ್ಪರ್ಧೆಯ ದೊಡ್ಡ ಪ್ಲೇಟ್‌ಗಳ ವ್ಯಾಸ 450 ಮಿ.ಮೀ.; ಆದ್ದರಿಂದ ನೆಲದ ಮೇಲಿರುವ ಬಾರ್‌ನ ನಡು ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. 2.5 ಅಥವಾ 5 ಕೆ.ಜಿ.ಯ ಚಿಕ್ಕ ಪ್ಲೇಟ್ ಹಾಕಿ ನೆಲದಿಂದ ಎತ್ತಿದರೆ ಬಾರ್ ಇನ್ನೂ ಕೆಳಗಿರುತ್ತದೆ, ಸೊಂಟ ಬೇಕಾದದ್ದಕ್ಕಿಂತ ಹೆಚ್ಚು ಬಗ್ಗುತ್ತದೆ, ಮತ್ತು ಎರಡು ವಾರ ಶ್ರದ್ಧೆಯಿಂದ ಅಭ್ಯಾಸ ಮಾಡಿ ಕೊನೆಗೆ ತಪ್ಪು ಆರಂಭಿಕ ಭಂಗಿಯೇ ರೂಢಿಯಾಗುತ್ತದೆ. ಪೂರ್ಣ ವ್ಯಾಸದ ಹಗುರ ಪ್ಲೇಟ್ ಸಿಗದಿದ್ದರೆ ಬಾರ್‌ನ ಎರಡೂ ತುದಿಗಳ ಕೆಳಗೆ ಮರದ ದಿಮ್ಮಿ ಅಥವಾ ಬೇರೆ ಪ್ಲೇಟ್‌ಗಳನ್ನು ಇಟ್ಟು ಎತ್ತರ ಸರಿಪಡಿಸಿಕೊಳ್ಳಬೇಕು.

ಹೆಬ್ಬೆರಳನ್ನು ಬಾರ್‌ಗೆ ಸುತ್ತಿ ಅದರ ಮೇಲೆ ತೋರುಬೆರಳನ್ನೂ ನಡುಬೆರಳನ್ನೂ ಮುಚ್ಚುವ ಹುಕ್ ಗ್ರಿಪ್ ಬಿಡುವಿನ ನಂತರ ಚೆನ್ನಾಗಿಯೇ ನೋಯುತ್ತದೆ. ಅದನ್ನು ತಪ್ಪಿಸಿಕೊಳ್ಳಲು ಮಣಿಕಟ್ಟನ್ನು ಬಾರ್‌ಗೆ ಬಿಗಿಯುವ ಸ್ಟ್ರ್ಯಾಪ್ ಕಟ್ಟಿಕೊಳ್ಳುವ ಆಸೆ ಸಹಜ, ಆದರೆ ಸ್ಪರ್ಧೆಯಲ್ಲಿ ಸ್ಟ್ರ್ಯಾಪ್‌ಗೆ ಅವಕಾಶವಿಲ್ಲದಿರುವುದರಿಂದ ಹೆಬ್ಬೆರಳಿಗೆ ಟೇಪ್ ಸುತ್ತಿಕೊಂಡು ಮೊದಲ ದಿನದಿಂದಲೇ ಅಭ್ಯಾಸ ಮಾಡುವುದು ಒಳ್ಳೆಯದು. ಅಂಗೈ ಮತ್ತೆ ಜಡ್ಡುಗಟ್ಟುತ್ತಿರುವಾಗ ಉಬ್ಬಿದ ಚರ್ಮವನ್ನು ವಾರಕ್ಕೊಮ್ಮೆ ಉಜ್ಜಿ ಸಮಮಾಡದಿದ್ದರೆ, ಬಾರ್‌ನ ಗೀರುಗಳಿಗೆ ಸಿಕ್ಕಿ ಅದು ಹರಿದುಹೋಗುತ್ತದೆ. ಹರಿದ ಅಂಗೈ ಎಂದರೆ ಒಂದು ವಾರದ ನಷ್ಟ.

ಮೂರನೆಯ ವಾರ: ಇಂದಿನ ನೂರು ಎಷ್ಟು?

ಈಗ ಅಳತೆ ಮಾಡಬಹುದು. ಸ್ನ್ಯಾಚ್‌ನಲ್ಲಿ ಸ್ವಲ್ಪ ಸ್ವಲ್ಪವೇ ಭಾರ ಏರಿಸುತ್ತ, ಚಲನೆ ಕೆಡಲು ಆರಂಭವಾದ ಕೂಡಲೇ ನಿಲ್ಲಿಸಬೇಕು: ಪಾದಗಳು ಮುಂದಕ್ಕೆ ಜಿಗಿಯುವುದು, ಬಾರ್ ಮೈಯಿಂದ ದೂರ ಸರಿಯುವುದು, ಮೊಣಕೈ ಬಗ್ಗಿ ಆಮೇಲೆ ನೆಟ್ಟಗಾಗುವುದು ಇವು ಗುರುತುಗಳು. ಅದಕ್ಕೂ ಹಿಂದೆ ಸ್ವಚ್ಛವಾಗಿ ಎತ್ತಿದ ಭಾರವೇ ಮುಂದಿನ ವಾರಗಳ ಲೆಕ್ಕಕ್ಕೆ ಶೇ 100. ಮೊಬೈಲನ್ನು ಪಕ್ಕದಲ್ಲಿ ಸೊಂಟದ ಎತ್ತರಕ್ಕೆ ಇಟ್ಟು ಚಿತ್ರೀಕರಿಸಿಕೊಂಡರೆ ತೀರ್ಮಾನ ಸುಲಭ. ಇನ್ನೊಂದು ದಿನ ಕ್ಲೀನ್ ಆ್ಯಂಡ್ ಜರ್ಕ್‌ನ ಅಳತೆ.

ಹಿಂದೆ ಸ್ನ್ಯಾಚ್‌ನಲ್ಲಿ 80, ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 100 ಕೆ.ಜಿ. ಎತ್ತುತ್ತಿದ್ದವರೊಬ್ಬರಿಗೆ ಈಗ 64 ಮತ್ತು 80 ಸಿಕ್ಕಿತೆಂದು ಇಟ್ಟುಕೊಳ್ಳೋಣ. ಅವರು ಡೈರಿಯಲ್ಲಿ ಬರೆದುಕೊಳ್ಳಬೇಕಾದುದು 64 ಮತ್ತು 80. 100 ಎಂಬುದು ಸದ್ಯಕ್ಕೆ ಡೈರಿಯಲ್ಲಿ ಎಲ್ಲಿಯೂ ಇರಬಾರದು. ಹಳೆಯ ಅಂಕಿಯ ಶೇ 75 ಎಂದರೆ ಇಂದಿನ ಅಂಕಿಯ ಶೇ 94, ಮತ್ತು ಅದನ್ನು ಪ್ರತಿ ಸೆಟ್‌ನಲ್ಲಿ (ನಡುವೆ ವಿಶ್ರಾಂತಿಯಿಲ್ಲದೆ ಮಾಡುವ ಒಂದು ಸುತ್ತಿನಲ್ಲಿ) ಮೂರು ಮೂರರಂತೆ ಎತ್ತಲು ಹೊರಟರೆ ಆಗುವುದೇನೆಂದು ವಿವರಿಸಬೇಕಾಗಿಲ್ಲ.

ನಾಲ್ಕರಿಂದ ಎಂಟನೆಯ ವಾರ: ಕಟ್ಟುವ ಕಾಲ

ತಯಾರಿಯ ತಿರುಳು ಈ ಐದು ವಾರಗಳಲ್ಲಿದೆ. ವಾರಕ್ಕೆ ನಾಲ್ಕು ದಿನ ಸಾಧ್ಯವಾದರೆ ಎರಡು ದಿನ ಸ್ನ್ಯಾಚ್‌ಗೆ, ಎರಡು ದಿನ ಕ್ಲೀನ್ ಆ್ಯಂಡ್ ಜರ್ಕ್‌ಗೆ ಒತ್ತು ಕೊಟ್ಟು, ಪ್ರತಿ ದಿನ ಕೊನೆಯಲ್ಲಿ ಸ್ಕ್ವಾಟ್ ಮಾಡುವುದು ಸರಳ ಏರ್ಪಾಡು. ಎಷ್ಟು ಭಾರಕ್ಕೆ ಎಷ್ಟು ಬಾರಿ ಎಂಬ ಪ್ರಶ್ನೆಗೆ ಸೋವಿಯತ್ ತರಬೇತುದಾರ ಪ್ರಿಲೆಪಿನ್ ಅವರ ಕೋಷ್ಟಕ ಇಂದಿಗೂ ಕೈಗೆ ಸಿಗುವ ಒಳ್ಳೆಯ ಉತ್ತರ. ಅದರಂತೆ ಶೇ 70ರಿಂದ 80ರ ನಡುವಿನ ಭಾರಕ್ಕೆ ಒಂದು ದಿನದ ಒಟ್ಟು ಎತ್ತುವಿಕೆಗಳು 12ರಿಂದ 24, ಸೂಕ್ತವಾದದ್ದು 18. ಶೇ 80ರಿಂದ 90ರ ನಡುವೆ 10ರಿಂದ 20, ಸೂಕ್ತ 15. ಶೇ 90 ದಾಟಿದರೆ 4ರಿಂದ 10, ಸೂಕ್ತ 7. ಬಿಡುವಿನಿಂದ ಬಂದವರು ಪ್ರತಿ ಸಾಲಿನಲ್ಲೂ ಕೆಳಗಿನ ಸಂಖ್ಯೆಯ ಹತ್ತಿರ ಆರಂಭಿಸಿ ಮೇಲೇರುವುದು ಕ್ಷೇಮ.

ನಮ್ಮ ಉದಾಹರಣೆಯ ಸ್ಪರ್ಧಿಯ ಒಂದು ದಿನ ಹೀಗಿರಬಹುದು. ಶೇ 75, ಅಂದರೆ 48 ಕೆ.ಜಿ. ಸ್ನ್ಯಾಚ್, ಮೂರು ಮೂರರಂತೆ ಆರು ಸೆಟ್, ನಡುವೆ ಎರಡು ನಿಮಿಷ ವಿಶ್ರಾಂತಿ. ಬಳಿಕ ಸ್ನ್ಯಾಚ್ ಪುಲ್ (ಸ್ನ್ಯಾಚ್‌ನ ಎಳೆತವಷ್ಟೇ, ತಲೆಯ ಮೇಲೆ ಎತ್ತದೆ), ಆಮೇಲೆ ಬ್ಯಾಕ್ ಸ್ಕ್ವಾಟ್ (ಬಾರನ್ನು ಭುಜದ ಹಿಂಭಾಗದಲ್ಲಿಟ್ಟು ಕುಳಿತೇಳುವುದು) ಐದು ಐದರಂತೆ ನಾಲ್ಕು ಸೆಟ್. ನೋಡಲು ಇದು ಅಲ್ಪವೆನಿಸುತ್ತದೆ, ಆದರೆ ಹದಿನೆಂಟೂ ಎತ್ತುವಿಕೆಗಳು ಒಂದೇ ಅಚ್ಚಿನಂತೆ ಬರಬೇಕೆಂಬ ಷರತ್ತು ಹಾಕಿಕೊಂಡರೆ ಕೊನೆಯ ಎರಡು ಸೆಟ್‌ಗಳಲ್ಲಿ ಬೆವರು ಇಳಿಯುತ್ತದೆ. ಇದನ್ನು ಪೂರ್ತಿಗೊಳಿಸಿದ ವಾರದ ನಂತರ ಶೇ 2ರಿಂದ 3ರಷ್ಟು ಏರಿಸಬಹುದು, ಒಂದೇ ದಿನ ಎರಡು ಎತ್ತುವಿಕೆ ತಪ್ಪಿದರೆ ಏರಿಸಬಾರದು. ಆರನೆಯ ವಾರದಲ್ಲಿ ಭಾರವನ್ನು ಹಾಗೆಯೇ ಇಟ್ಟು ಸೆಟ್‌ಗಳನ್ನು ಅರ್ಧಕ್ಕೆ ಇಳಿಸಬೇಕು. ಮೈ ಚೆನ್ನಾಗಿದೆ ಎನಿಸಿದರೂ ಇಳಿಸಬೇಕು, ಈ ಬಿಡುವು ಬೇಕಿರುವುದು ಸ್ನಾಯುರಜ್ಜುಗಳಿಗೆ.

ಕೊರತೆ ಎಲ್ಲಿದೆ ಎಂದು ತಿಳಿಯಲು ಅನುಪಾತಗಳು ನೆರವಾಗುತ್ತವೆ. ಸಾಮಾನ್ಯವಾಗಿ ಸ್ನ್ಯಾಚ್ ಎಂಬುದು ಕ್ಲೀನ್ ಆ್ಯಂಡ್ ಜರ್ಕ್‌ನ ಶೇ 80ರ ಆಸುಪಾಸಿನಲ್ಲಿಯೂ, ಕ್ಲೀನ್ ಆ್ಯಂಡ್ ಜರ್ಕ್ ಬ್ಯಾಕ್ ಸ್ಕ್ವಾಟ್‌ನ ಅಷ್ಟೇ ಪಾಲಿನಲ್ಲಿಯೂ ಇರುತ್ತದೆ. 80 ಕೆ.ಜಿ. ಜರ್ಕ್ ಮಾಡುವವರು 120 ಕೆ.ಜಿ. ಸ್ಕ್ವಾಟ್ ಮಾಡಬಲ್ಲವರಾದರೆ ಅವರ ಕಾಲಿನಲ್ಲಿ ಬಲಕ್ಕೆ ಕೊರತೆಯಿಲ್ಲ, ಚಲನೆಗೆ ಹೆಚ್ಚು ಸಮಯ ಕೊಡಬೇಕು. 90ಕ್ಕೇ ಬಸವಳಿಯುವವರು ಸ್ಕ್ವಾಟ್ ಹೆಚ್ಚಿಸಬೇಕು.

ತೂಕ ಮತ್ತು ಊಟ

ಮರಳಿ ಬರುವ ಮೊದಲ ಸ್ಪರ್ಧೆಗಾಗಿ ಕೆಳಗಿನ ತೂಕದ ವಿಭಾಗಕ್ಕೆ ಇಳಿಯುವ ಸಾಹಸ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ಬಿಟ್ಟು, ಬೆವರಿಳಿಸಿ ತೂಕ ಕರಗಿಸುವವರು ಆ ದಿನದ ಬಲವನ್ನೂ ಜೊತೆಗೇ ಕರಗಿಸುತ್ತಾರೆ. ಬಿಡುವಿನಲ್ಲಿ ಸೇರಿದ ಕೊಬ್ಬನ್ನು ಇಳಿಸಲೇಬೇಕಿದ್ದರೆ ಮೊದಲ ಎಂಟು ವಾರಗಳಲ್ಲಿ, ವಾರಕ್ಕೆ ದೇಹತೂಕದ ಶೇ 0.5ರಷ್ಟು ಇಳಿಸಿದರೆ ಸಾಕು. ದೇಹತೂಕದ ಪ್ರತಿ ಕೆ.ಜಿ.ಗೆ ದಿನಕ್ಕೆ 1.6ರಿಂದ 2.2 ಗ್ರಾಂ ಪ್ರೋಟೀನ್, ಏಳೆಂಟು ಗಂಟೆಗಳ ನಿದ್ದೆ. ಪುಡಿ, ಮಾತ್ರೆಗಳ ವಿಷಯದಲ್ಲಿ ಎಚ್ಚರವಿರಲಿ: ಲೇಬಲ್‌ನಲ್ಲಿ ನಮೂದಿಸದ ನಿಷೇಧಿತ ಉತ್ತೇಜಕ ಮದ್ದು ಸೇರಿದ್ದರೂ ಅದರ ಹೊಣೆ ಸ್ಪರ್ಧಿಯದೇ.

ಒಂಬತ್ತರಿಂದ ಹನ್ನೊಂದನೆಯ ವಾರ: ಸ್ಪರ್ಧೆಯಂತೆಯೇ ಅಭ್ಯಾಸ

ಇಲ್ಲಿಂದ ಒಂದೊಂದೇ ಎತ್ತುವಿಕೆ, ಶೇ 85ರಿಂದ 95ರವರೆಗೆ. ವಾರಕ್ಕೊಮ್ಮೆ ಸ್ನ್ಯಾಚ್ ಮುಗಿಸಿ, ಹತ್ತು ನಿಮಿಷ ಬಿಟ್ಟು, ಕ್ಲೀನ್ ಆ್ಯಂಡ್ ಜರ್ಕ್ ಆರಂಭಿಸಬೇಕು. ಎರಡಕ್ಕೂ ಮೂರು ಮೂರೇ ಅವಕಾಶ. ಗೆಳೆಯರೊಬ್ಬರು ತೀರ್ಪುಗಾರರಾಗಿ ನಿಂತು ‘ಡೌನ್’ ಎನ್ನುವವರೆಗೆ ಬಾರನ್ನು ತಲೆಯ ಮೇಲೆ ಅಲುಗಾಡದೆ ಹಿಡಿದಿರುವ ಅಭ್ಯಾಸ ಆಗಲೇಬೇಕು. ಜಿಮ್‌ನಲ್ಲಿ ಒಬ್ಬರೇ ಎತ್ತುವವರಿಗೆ ಬಾರ್ ನೆಟ್ಟಗಾದ ತಕ್ಷಣ ಕೆಳಗೆ ಬಿಡುವ ಚಟ ಅಂಟಿರುತ್ತದೆ, ಸ್ಪರ್ಧೆಯಲ್ಲಿ ಅದಕ್ಕೆ ತಪ್ಪಿನ ಗುರುತಾದ ಕೆಂಪು ದೀಪ ಬೀಳುತ್ತದೆ. ಬಾರನ್ನು ಹಿಡಿಯುವಾಗ ಮೊಣಕೈ ಬಗ್ಗಿಸಿ ಆಮೇಲೆ ಒತ್ತಿ ನೆಟ್ಟಗೆ ಮಾಡುವುದು, ಕ್ಲೀನ್‌ನಲ್ಲಿ ಕುಳಿತಾಗ ಮೊಣಕೈ ತೊಡೆಗೆ ಅಥವಾ ಮೊಣಕಾಲಿಗೆ ತಾಗುವುದು ಕೂಡ ತಪ್ಪುಗಳೇ. ಬೆಲ್ಟ್ 12 ಸೆಂ.ಮೀ.ಗಿಂತ ಅಗಲವಿರಬಾರದು. ಸ್ಪರ್ಧೆಯ ಉಡುಪನ್ನೂ ಶೂಗಳನ್ನೂ ಈ ವಾರಗಳಲ್ಲಿಯೇ ತೊಟ್ಟು ಅಭ್ಯಾಸ ಮಾಡಿಕೊಳ್ಳಬೇಕು.

ಹನ್ನೊಂದನೆಯ ವಾರದ ನಡುವೆ, ಅಂದರೆ ಸ್ಪರ್ಧೆಗೆ ಸುಮಾರು ಹತ್ತು ದಿನ ಮೊದಲು, ಕೊನೆಯ ಭಾರದ ದಿನ. ಅದಾದ ಮೇಲೆ ಒಟ್ಟು ಎತ್ತುವಿಕೆಗಳನ್ನು ಅರ್ಧದಷ್ಟು ಕಡಿಮೆ ಮಾಡಿ, ಶೇ 80 ದಾಟದೆ, ವೇಗವನ್ನು ಮಾತ್ರ ಉಳಿಸಿಕೊಳ್ಳಬೇಕು. ಕೊನೆಯ ಎರಡು ದಿನ ಪೂರ್ಣ ವಿಶ್ರಾಂತಿ, ಅಥವಾ ಬರಿಯ ಬಾರ್‌ನೊಂದಿಗೆ ಹತ್ತು ನಿಮಿಷ.

ಸ್ಪರ್ಧೆಯ ದಿನ

ಅಂತರರಾಷ್ಟ್ರೀಯ ನಿಯಮದಂತೆ ತೂಕ ನೋಡುವುದು ಸ್ಪರ್ಧೆಗೆ ಎರಡು ಗಂಟೆ ಮುಂಚೆ ಶುರುವಾಗಿ ಒಂದು ಗಂಟೆ ನಡೆಯುತ್ತದೆ, ಮೊದಲ ಎತ್ತುವಿಕೆಯ ಭಾರವನ್ನು ಅಲ್ಲಿಯೇ ಹೇಳಬೇಕು. ಚಿಕ್ಕ ಸ್ಪರ್ಧೆಗಳಲ್ಲಿ ವೇಳೆ ಬದಲಾಗಬಹುದಾದ್ದರಿಂದ ಆಯೋಜಕರ ಸೂಚನೆಯನ್ನು ಮೊದಲೇ ಓದಿಕೊಳ್ಳಿ. ವಾರ್ಮ್‌ಅಪ್ ಮಾಡುವಾಗ ಗಡಿಯಾರಕ್ಕಿಂತ ವೇದಿಕೆಯ ಪಟ್ಟಿಯನ್ನು ನೋಡುವುದು ಮುಖ್ಯ. ನಿಮಗಿಂತ ಮೊದಲು ವೇದಿಕೆಯಲ್ಲಿ ಎಷ್ಟು ಎತ್ತುವಿಕೆಗಳು ಬಾಕಿಯಿವೆ ಎಂದು ಎಣಿಸಿ, ಅಲ್ಲಿ ಮೂರು ಮುಗಿಯುವಷ್ಟರಲ್ಲಿ ಒಳಗೆ ನಿಮ್ಮದೊಂದು ಎಂಬ ಲೆಕ್ಕದಲ್ಲಿ ಏರುತ್ತ ಹೋದರೆ, ಮೈ ತಣ್ಣಗಾಗುವುದೂ ಇಲ್ಲ, ಅವಸರವೂ ಆಗುವುದಿಲ್ಲ. ಹೆಸರು ಕರೆದ ಮೇಲೆ ಎತ್ತಲು ಸಿಗುವುದು ಒಂದು ನಿಮಿಷ. ಒಬ್ಬರೇ ಬೆನ್ನು ಬೆನ್ನಿಗೆ ಎತ್ತಬೇಕಾದರೆ ಎರಡು ನಿಮಿಷ.

ಮೊದಲ ಭಾರದ ಆಯ್ಕೆಯಲ್ಲಿ ಜಂಬಕ್ಕೆ ಜಾಗವಿಲ್ಲ. ಸ್ನ್ಯಾಚ್‌ನ ಮೂರೂ ಅವಕಾಶ ತಪ್ಪಿದರೆ ಒಟ್ಟು ಮೊತ್ತವೇ (ಎರಡೂ ವಿಧಗಳಲ್ಲಿ ಎತ್ತಿದ ಅತಿ ಹೆಚ್ಚಿನ ಭಾರಗಳ ಕೂಡಿಕೆ) ಇರುವುದಿಲ್ಲ, 12 ವಾರಗಳ ತಯಾರಿ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅಭ್ಯಾಸದಲ್ಲಿ ಸತತ ಎರಡು ಬಾರಿ ಎತ್ತಬಲ್ಲ ಭಾರ, ಅಂದರೆ ಸುಮಾರು ಶೇ 90, ಆರಂಭಕ್ಕೆ ತಕ್ಕದ್ದು. ಟೋಕಿಯೊ ಒಲಿಂಪಿಕ್ಸ್‌ನ 49 ಕೆ.ಜಿ. ವಿಭಾಗದಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು ಸ್ನ್ಯಾಚ್‌ನಲ್ಲಿ 84ರಿಂದ ಆರಂಭಿಸಿ 87 ಎತ್ತಿ 89ರಲ್ಲಿ ತಪ್ಪಿದರು. ಕ್ಲೀನ್ ಆ್ಯಂಡ್ ಜರ್ಕ್‌ನಲ್ಲಿ 110, 115 ಎತ್ತಿ 117ರಲ್ಲಿ ತಪ್ಪಿದರು. ಎರಡರಲ್ಲೂ ಮೂರನೆಯದು ಕೈಕೊಟ್ಟರೂ ಮೊದಲ ಎರಡರ ಬಲದಿಂದ 202 ಕೆ.ಜಿ. ಮೊತ್ತ ಕೈಯಲ್ಲಿತ್ತು. ಒಲಿಂಪಿಕ್ಸ್ ಮಟ್ಟದಲ್ಲಿಯೂ ನೆಗೆತ ಎರಡರಿಂದ ಐದು ಕೆ.ಜಿ.ಯಷ್ಟೇ ಎಂಬುದನ್ನು ಗಮನಿಸಬೇಕು.

ಮೊದಲ ಎತ್ತುವಿಕೆ ತಪ್ಪಿದರೆ ಅದೇ ಭಾರವನ್ನು ಮತ್ತೆ ಕೇಳಬಹುದು, ಆದರೆ ಕಡಿಮೆ ಮಾಡಲು ನಿಯಮದಲ್ಲಿ ಅವಕಾಶವಿಲ್ಲ. ಎರಡೂ ಸಲೀಸಾಗಿ ಬಂದಿದ್ದರೆ ಮೂರನೆಯದಕ್ಕೆ ಈ 12 ವಾರಗಳಲ್ಲಿ ಎತ್ತಿದ್ದಕ್ಕಿಂತ ಒಂದೆರಡು ಕೆ.ಜಿ. ಹೆಚ್ಚು ಕೇಳಿ. ಬಾರ್ ತಲೆಯ ಮೇಲೆ ನಿಂತ ಮೇಲೆ ಪಾದಗಳನ್ನು ಒಂದೇ ಸಾಲಿಗೆ ತಂದು ‘ಡೌನ್’ ಸೂಚನೆಗೆ ಕಾಯಿರಿ. ಇಳಿಸುವಾಗಲೂ ಬಾರ್ ಭುಜದ ಮಟ್ಟ ದಾಟಿ ಕೆಳಗೆ ಬರುವವರೆಗೆ ಕೈ ಬಿಡಬೇಡಿ.