ಏಪ್ರಿಲ್‌ನ ಠರಾವು, ಫೆಬ್ರವರಿಯ ಕರಾರು: ವಿದ್ಯಾರ್ಥಿ ಸರ್ಕಾರ ನಡೆಸಿದ ನನ್ನ ಅನುಭವ

2016ರ ಏಪ್ರಿಲ್ ತಿಂಗಳಲ್ಲಿ, ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ, ವಿದ್ಯಾರ್ಥಿ ಸರ್ಕಾರದ ನಾವು ಮೂವತ್ತಕ್ಕೂ ಹೆಚ್ಚು ಪ್ರತಿನಿಧಿಗಳು ಸೇರಿ ವಿದ್ಯಾರ್ಥಿಗಳ ಆರೋಗ್ಯ ವಿಮೆಯ ಕಂತನ್ನು ಏರಿಸಬಾರದೆಂದು ಒಮ್ಮತದಿಂದ ಠರಾವು ಮಾಡಿದೆವು. ಮಾತುಗಳು ಚೆನ್ನಾಗಿದ್ದವು, ಚಪ್ಪಾಳೆಯೂ ಜೋರಾಗಿತ್ತು. ಮರುದಿನ ಠರಾವಿನ ಪ್ರತಿ ಹಿಡಿದು ಸಂಬಂಧಪಟ್ಟ ಅಧಿಕಾರಿಯ ಬಳಿ ಹೋದಾಗ, ಅವರು ಅದನ್ನು ಪೂರ್ತಿ ಓದಿ, ವಿಮಾ ಕಂಪನಿಯೊಂದಿಗಿನ ಕರಾರಿಗೆ ಫೆಬ್ರವರಿಯಲ್ಲೇ ಸಹಿ ಬಿದ್ದಿದೆ ಎಂದು ಸೌಜನ್ಯದಿಂದಲೇ ತಿಳಿಸಿದರು. ಆ ಕರಾರನ್ನು ಪರಿಶೀಲಿಸಿದ ಸಮಿತಿಯಲ್ಲಿ ನಮಗೆಂದೇ ಒಂದು ಸ್ಥಾನವಿತ್ತೆಂದೂ, ವರ್ಷವಿಡೀ ಅದು ಖಾಲಿ ಬಿದ್ದಿತ್ತೆಂದೂ ಅವರ ಮಾತಿನಿಂದಲೇ ಗೊತ್ತಾಯಿತು. ಆ ಸ್ಥಾನಕ್ಕೆ ಹೆಸರು ಕಳುಹಿಸಬೇಕಾಗಿದ್ದವರು ನಾವೇ. ಮುಂದಿನ ಎರಡು ವರ್ಷ, ಮೊದಲು ಖಜಾಂಚಿಯಾಗಿ, ಆಮೇಲೆ ಅಧ್ಯಕ್ಷನಾಗಿ ನಾನು ಮಾಡಿದ ಕೆಲಸದ ಬಹುಪಾಲು ಆ ಒಂದು ಖಾಲಿ ಕುರ್ಚಿಯಿಂದಲೇ ಹುಟ್ಟಿದ್ದು.

ನಾನು ತುಮಕೂರು ಜಿಲ್ಲೆಯ ಹಳ್ಳಿಯವನು. ಕರ್ನಾಟಕದಲ್ಲಿ ಎಂ.ಎಸ್ಸಿ. ಓದುವಾಗ ವಿದ್ಯಾರ್ಥಿ ಸಂಘದ ಚುನಾವಣೆಯನ್ನು ನಾನು ಕಂಡಿರಲಿಲ್ಲ. ನಮ್ಮ ವಿಭಾಗದಲ್ಲಿ ಹೆಚ್ಚು ಅಂಕ ಪಡೆದವರನ್ನು ಅಧ್ಯಾಪಕರೇ ಪ್ರತಿನಿಧಿಯಾಗಿ ಸೂಚಿಸುತ್ತಿದ್ದರು. ಸಭೆ ನಡೆಸುವುದರ ಬಗ್ಗೆ ನನಗಿದ್ದ ತಿಳಿವಳಿಕೆಯೆಲ್ಲ ಅಪ್ಪನಿಂದ ಬಂದದ್ದು. ಅವರು ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಕಾರ್ಯದರ್ಶಿಯಾಗಿದ್ದರು. ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಿ), ಬೈಲಾ (ಸಂಘದ ನಿಯಮಾವಳಿ), ನಡವಳಿ ಪುಸ್ತಕ, ಸೂಚಕರು, ಅನುಮೋದಕರು ಎಂಬ ಮಾತುಗಳನ್ನು ಚಿಕ್ಕಂದಿನಿಂದಲೇ ಕೇಳಿದ್ದ ನನಗೆ, ಸಾವಿರಾರು ಮೈಲಿ ದೂರದಲ್ಲಿ ಅವೇ ಸಂಗತಿಗಳು ಬೇರೆ ಭಾಷೆಯಲ್ಲಿ ಎದುರಾದಾಗ ಅಪರಿಚಿತವೆನಿಸಲಿಲ್ಲ.

ಅಲ್ಲಿ ಗ್ರಾಜುಯೇಟ್ ವಿದ್ಯಾರ್ಥಿಗಳೆಂದರೆ ಪದವಿ ಮುಗಿಸಿ ಎಂ.ಎಸ್., ಪಿಎಚ್.ಡಿ. ಮಾಡುತ್ತಿರುವವರು. ಅವರಲ್ಲಿ ಅನೇಕರು ತರಗತಿಗಳಲ್ಲಿ ಪಾಠ ಹೇಳುತ್ತ, ಇಲ್ಲವೇ ಪ್ರಯೋಗಾಲಯದಲ್ಲಿ ಸಂಶೋಧನಾ ಸಹಾಯಕರಾಗಿ ದುಡಿಯುತ್ತ ಓದುತ್ತಾರೆ. ಮದುವೆಯಾಗಿ ಮಕ್ಕಳಿರುವವರೂ ಇರುತ್ತಾರೆ. ಹದಿನೆಂಟು ವಯಸ್ಸಿನ ಪದವಿ ವಿದ್ಯಾರ್ಥಿಗಳ ಅಗತ್ಯಗಳೇ ಬೇರೆಯಾದ್ದರಿಂದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇವರಿಗೆ ಪ್ರತ್ಯೇಕ ವಿದ್ಯಾರ್ಥಿ ಸರ್ಕಾರವಿರುತ್ತದೆ. ನಮ್ಮಲ್ಲಿ ಪ್ರತಿ ವಿಭಾಗದಿಂದ ಒಬ್ಬೊಬ್ಬ ಪ್ರತಿನಿಧಿ ಸೇರಿ ತಿಂಗಳಿಗೊಮ್ಮೆ ಕೂಡುವ ಸೆನೆಟ್ ಇತ್ತು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಮತ್ತು ಖಜಾಂಚಿ ಎಂಬ ನಾಲ್ವರ ಕಾರ್ಯಕಾರಿ ಮಂಡಳಿ ವಾರಕ್ಕೊಮ್ಮೆ ಸೇರುತ್ತಿತ್ತು. ಇವೆರಡಲ್ಲದೆ, ಹೊರಗಿನವರ ಕಣ್ಣಿಗೆ ಬೀಳದ ಮೂರನೆಯ ಅಂಗವೊಂದಿತ್ತು: ಶುಲ್ಕ, ವಿಮೆ, ಗ್ರಂಥಾಲಯ, ವಾಹನ ನಿಲುಗಡೆ, ವಸತಿ ಮುಂತಾದ ವಿಶ್ವವಿದ್ಯಾಲಯದ ಸಮಿತಿಗಳಲ್ಲಿ ನಮ್ಮವರಿಗೆ ಮೀಸಲಾಗಿದ್ದ ಸ್ಥಾನಗಳು. ಈ ಮೂರನೆಯದೇ ನಿಜವಾದ ಅಧಿಕಾರವಿರುವ ಜಾಗ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸೆನೆಟ್ ಏನನ್ನು ಬೇಕಾದರೂ ಕೋರಬಹುದು, ಆದರೆ ತೀರ್ಮಾನವಾಗುವುದು ಸಮಿತಿಯಲ್ಲಿ.

ಸಭೆಗಳು ‘ರಾಬರ್ಟ್ಸ್ ರೂಲ್ಸ್ ಆಫ್ ಆರ್ಡರ್’ ಪ್ರಕಾರ ನಡೆಯುತ್ತಿದ್ದವು. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನಾ ಎಂಜಿನಿಯರ್, ತಾನು ಅಧ್ಯಕ್ಷತೆ ವಹಿಸಿದ್ದ ಚರ್ಚಿನ ಸಭೆಯೊಂದು ಕೈಮೀರಿ ಗದ್ದಲವಾದ ಅನುಭವದಿಂದ ಸಭಾನಿಯಮಗಳ ಅಧ್ಯಯನಕ್ಕೆ ತೊಡಗಿ, 1876ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಅದರ ದಪ್ಪ ನೋಡಿ ಹೊಸಬರು ಹೆದರುತ್ತಿದ್ದರು. ನಾನು ಒಂದೇ ಹಾಳೆಯಲ್ಲಿ ನಮಗೆ ಬೇಕಾದಷ್ಟನ್ನು ಬರೆದು ಪ್ರತಿ ಮೇಜಿನ ಮೇಲೂ ಇಡುತ್ತಿದ್ದೆ: ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಒಂದು ವಿಷಯ ಇತ್ಯರ್ಥವಾಗುವವರೆಗೆ ಇನ್ನೊಂದನ್ನು ಎತ್ತುವಂತಿಲ್ಲ, ಚರ್ಚೆಯನ್ನು ನಿಲ್ಲಿಸಿ ಮತಕ್ಕೆ ಹಾಕಬೇಕೆಂದರೆ ಮೂರನೇ ಎರಡರಷ್ಟು ಮತ ಬೇಕು. ಈ ಕೊನೆಯ ನಿಯಮದ ಬೆಲೆ ನನಗೆ ನಿಧಾನವಾಗಿ ತಿಳಿಯಿತು. ಬಹುಮತವಿದೆ ಎಂದ ಮಾತ್ರಕ್ಕೆ ಅಲ್ಪಸಂಖ್ಯಾತರ ಬಾಯಿ ಮುಚ್ಚಿಸಲು ಅದು ಬಿಡುವುದಿಲ್ಲ.

ಕೋರಂ ನಮ್ಮ ಅತಿ ದೊಡ್ಡ ತೊಡಕಾಗಿತ್ತು. ಸೆನೆಟ್‌ನಲ್ಲಿ ಅರವತ್ತು ಸ್ಥಾನಗಳಿದ್ದವು, ಭರ್ತಿಯಾಗಿದ್ದವು ಮಾತ್ರ ನಲವತ್ತರ ಒಳಗೆ. ಆದರೆ ನಮ್ಮ ಬೈಲಾ ಒಟ್ಟು ಸ್ಥಾನಗಳ ಅರ್ಧಕ್ಕಿಂತ ಹೆಚ್ಚು ಜನ ಹಾಜರಿರಬೇಕೆಂದು ಹೇಳುತ್ತಿತ್ತು. ಅಂದರೆ ಇದ್ದ ಅಷ್ಟರಲ್ಲೇ ಮೂವತ್ತೊಂದು ಮಂದಿ ಬಂದರಷ್ಟೇ ಸಭೆ ಊರ್ಜಿತ. ಕೋರಂ ಇಲ್ಲದಾಗ ಸಭೆಯನ್ನು ಮುಂದೂಡುವುದು ಅಥವಾ ಜನರನ್ನು ಕರೆತರುವುದಕ್ಕೆ ಕ್ರಮ ಕೈಗೊಳ್ಳುವುದು ಇಂಥವನ್ನು ಬಿಟ್ಟರೆ ಬೇರೇನನ್ನೂ ಮಾಡಲಾಗದು. ನಾನು ಖಜಾಂಚಿಯಾಗಿದ್ದ ವರ್ಷ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಎರಡೂ ಸಭೆಗಳು ಹೀಗೆಯೇ ಕೆಟ್ಟವು. ನಾಲ್ಕು ಜನ ಕಡಿಮೆಯಾದ ಕಾರಣಕ್ಕೆ ಇಡೀ ವರ್ಷದ ಮುಂಗಡಪತ್ರ ಒಪ್ಪಿಗೆಯಿಲ್ಲದೆ ಕೂತಿತ್ತು.

ಬೈಲಾ ತಿದ್ದೋಣವೆಂದರೆ ಅದಕ್ಕೂ ಕೋರಂ ಬೇಕು, ಮೇಲೆ ಮೂರನೇ ಎರಡರಷ್ಟು ಮತ ಬೇಕು. ಮಿಂಚಂಚೆಗಳಿಂದ ಏನೂ ಆಗದೆಂದು ಕಂಡ ಮೇಲೆ ಉಪಾಧ್ಯಕ್ಷೆಯೂ ನಾನೂ ವಿಭಾಗಗಳನ್ನು ಹಂಚಿಕೊಂಡು ಕಾಲ್ನಡಿಗೆಯಲ್ಲೇ ಸುತ್ತಿದೆವು. ಪ್ರತಿ ವಿಭಾಗದ ಕಚೇರಿಯಲ್ಲೂ ಗ್ರಾಜುಯೇಟ್ ವಿದ್ಯಾರ್ಥಿಗಳ ಕಾಗದಪತ್ರ ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಇರುತ್ತಾರೆ. ಯಾರು ಆಸಕ್ತರು, ಯಾರಿಗೆ ಪುರುಸೊತ್ತಿದೆ, ಯಾರು ಈ ವರ್ಷವೇ ಪ್ರಬಂಧ ಸಲ್ಲಿಸಿ ಹೊರಡುವವರು ಎಂಬುದು ವಿಭಾಗದ ಮುಖ್ಯಸ್ಥರಿಗಿಂತ ಅವರಿಗೇ ಹೆಚ್ಚು ಗೊತ್ತು. ಅವರ ನೆರವಿನಿಂದ ನವೆಂಬರ್ ಸಭೆಗೆ ಮೂವತ್ತಾರು ಜನ ಬಂದರು. ಭರ್ತಿಯಾದ ಸ್ಥಾನಗಳ ಮೇಲೆ ಮಾತ್ರ ಕೋರಂ ಲೆಕ್ಕ ಹಾಕಬೇಕು, ಸತತ ಎರಡು ಸಭೆಗೆ ಬಾರದ ಪ್ರತಿನಿಧಿಯ ಸ್ಥಾನ ತೆರವಾಗಬೇಕು ಎಂಬ ತಿದ್ದುಪಡಿ ಅಂದೇ ಅಂಗೀಕಾರವಾಯಿತು.

ಸುತ್ತಾಟದಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಸಭೆ ರಾತ್ರಿ ಏಳಕ್ಕೆ ಆರಂಭವಾಗುತ್ತಿದ್ದುದರಿಂದ ಮಕ್ಕಳಿರುವವರು ಬರುವುದೇ ಸಾಧ್ಯವಿರಲಿಲ್ಲ. ನಾಲ್ಕಕ್ಕೆ ಇಟ್ಟರೆ ಪ್ರಯೋಗಾಲಯದವರು ಬರಲಾರರು. ಕೊನೆಗೆ ಐದೂಕಾಲಕ್ಕೆ ಆರಂಭಿಸಿ ಆರೂಮುಕ್ಕಾಲಿಗೆ ಏನೇ ಆದರೂ ಮುಗಿಸುವುದೆಂದು ಗೊತ್ತುಮಾಡಿದೆವು. ಮುಗಿಯುವ ಹೊತ್ತು ಖಚಿತವಾದ ಮೇಲೆ ಹಾಜರಾತಿ ಸುಧಾರಿಸಿತು. ಪಿಜ್ಜಾ ತರಿಸಿದರೆ ಜನ ಬರುತ್ತಾರೆಂಬ ನಂಬಿಕೆ ಅಲ್ಲಿ ಬಲವಾಗಿದೆ. ನನ್ನ ಅನುಭವದಲ್ಲಿ ಪಿಜ್ಜಾಕ್ಕಿಂತ ಗಡಿಯಾರ ಹೆಚ್ಚು ಕೆಲಸ ಮಾಡಿತು.

ಹಣದ ವಿಷಯಕ್ಕೆ ಬಂದರೆ, ಪ್ರತಿ ವಿದ್ಯಾರ್ಥಿಯೂ ಕಡ್ಡಾಯವಾಗಿ ಕಟ್ಟುವ ಚಟುವಟಿಕೆ ಶುಲ್ಕದ ಒಂದು ಪಾಲು ನಮಗೆ ಬರುತ್ತಿತ್ತು. ಅದನ್ನು ಮನಬಂದಂತೆ ಹಂಚುವಂತಿರಲಿಲ್ಲ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೌತ್‌ವರ್ತ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2000ದಲ್ಲಿ ನೀಡಿದ ತೀರ್ಪಿನ ಪ್ರಕಾರ, ಸರ್ಕಾರಿ ವಿಶ್ವವಿದ್ಯಾಲಯವು ಇಂಥ ಶುಲ್ಕವನ್ನು ಸಂಗ್ರಹಿಸಬಹುದು, ಆದರೆ ವಿದ್ಯಾರ್ಥಿ ಗುಂಪುಗಳಿಗೆ ಹಣ ಕೊಡುವಾಗ ಅವರ ಅಭಿಪ್ರಾಯ ನಮಗೆ ಹಿಡಿಸುತ್ತದೆಯೇ ಇಲ್ಲವೇ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಒಮ್ಮೆ ನನಗೆ ತೀರಾ ಅಸಮ್ಮತವಾದ ನಿಲುವಿನ ಗುಂಪೊಂದು ಉಪನ್ಯಾಸಕ್ಕೆ ಹಣ ಕೇಳಿತು. ಅರ್ಜಿ ನಿಯಮದಂತೆ ಇತ್ತು. ಕೊಡಬೇಕೆಂದು ಸೂಚಿಸಿದವನು ನಾನೇ. ಆ ಸಂಜೆ ಕೆಲವು ಸ್ನೇಹಿತರು ನನ್ನೊಂದಿಗೆ ಮಾತು ಬಿಟ್ಟರು. ಈಗಲೂ ನಾನು ಮಾಡಿದ್ದು ಸರಿ ಎಂದೇ ನಂಬಿದ್ದೇನೆ.

ನಮ್ಮ ಹಣದ ದೊಡ್ಡ ಪಾಲು ಹೋಗುತ್ತಿದ್ದುದು ಪ್ರಯಾಣ ಅನುದಾನಕ್ಕೆ, ಅಂದರೆ ಸಮ್ಮೇಳನಗಳಲ್ಲಿ ಪ್ರಬಂಧ ಮಂಡಿಸಲು ಹೋಗುವವರ ಖರ್ಚಿಗೆ. ಮೊದಲು ಅರ್ಜಿ ಹಾಕಿದವರಿಗೆ ಮೊದಲು ಹಣ ಎಂಬ ಪದ್ಧತಿ ಇತ್ತು. ಜುಲೈ 1ಕ್ಕೆ ಹಣಕಾಸು ವರ್ಷ ಆರಂಭವಾದರೆ ಆಗಸ್ಟ್ ಮುಗಿಯುವುದರೊಳಗೆ ಹಣ ಖಾಲಿ. ಹಿಂದಿನ ಮೂರು ವರ್ಷದ ಕಡತಗಳನ್ನು ತೆರೆದು ನೋಡಿದಾಗ, ತಮ್ಮ ವಿದ್ಯಾರ್ಥಿಗಳಿಗೆ ಮುಂಚಿತವಾಗಿ ನೆನಪಿಸುವ ಕಚೇರಿಯಿದ್ದ ನಾಲ್ಕೈದು ವಿಜ್ಞಾನ ವಿಭಾಗಗಳಿಗೇ ಹೆಚ್ಚಿನ ಹಣ ಹೋಗಿತ್ತು. ಇತಿಹಾಸ, ಸಂಗೀತ, ಸಮಾಜಕಾರ್ಯ ವಿಭಾಗಗಳವರು ವಸಂತದಲ್ಲಿ ಸಮ್ಮೇಳನದ ಕರೆ ಬರುವ ಹೊತ್ತಿಗೆ ಬರಿಗೈಯಲ್ಲಿರುತ್ತಿದ್ದರು. ನಾವು ಹಣವನ್ನು ವರ್ಷದ ನಾಲ್ಕು ಕಂತುಗಳಾಗಿ ಒಡೆದೆವು. ಅರ್ಜಿದಾರರ ಹೆಸರು ಮರೆಮಾಡಿ, ಬೇರೆ ವಿಭಾಗದ ಇಬ್ಬರು ಓದಿ ಅಂಕ ಕೊಡುವ ವ್ಯವಸ್ಥೆ ಮಾಡಿದೆವು. ಒಬ್ಬರಿಗೆ ಎರಡು ವರ್ಷಕ್ಕೊಮ್ಮೆ ಮಾತ್ರ ಎಂದೂ ನಿಯಮವಾಯಿತು.

ಇದಕ್ಕಿಂತ ಮುಖ್ಯವಾದ ತಿದ್ದುಪಡಿಯನ್ನು ಸೂಚಿಸಿದವರು ಸಮಾಜಕಾರ್ಯ ವಿಭಾಗದ ಪ್ರತಿನಿಧಿ. ಅನುದಾನವೆಂದರೆ ಪ್ರವಾಸ ಮುಗಿಸಿ ರಸೀದಿ ಒಪ್ಪಿಸಿದ ಮೇಲೆ ಬರುವ ಮರುಪಾವತಿ. ಟಿಕೆಟ್ಟಿಗೂ ಹೋಟೆಲಿಗೂ ಮೊದಲು ಕೈಯಿಂದ ಹಾಕಬೇಕು. ಆಗತಾನೇ ಬಂದ ವಿದೇಶಿ ವಿದ್ಯಾರ್ಥಿಗೆ ಕ್ರೆಡಿಟ್ ಕಾರ್ಡ್ ಸಿಗುವುದು ಕಷ್ಟ. ಮಕ್ಕಳಿರುವವರಿಗೆ ಎರಡು ತಿಂಗಳು ಎಂಟುನೂರು ಡಾಲರ್ ಬಿಟ್ಟಿರುವುದು ಕಷ್ಟ. ಅನುದಾನ ಮಂಜೂರಾಗಿಯೂ ಹೋಗದೆ ಉಳಿದವರು ಎಷ್ಟೋ ಮಂದಿ ಇದ್ದರೆಂದು ಆಕೆ ಹೇಳಿದಾಗ ನನಗೆ ನಿಜಕ್ಕೂ ನೋವಾಯಿತು, ಏಕೆಂದರೆ ಖಜಾಂಚಿಯಾದ ನಾನು ಅದನ್ನು ಬಳಕೆಯಾಗದ ಹಣವೆಂದು ಮಾತ್ರ ಕಂಡಿದ್ದೆ. ಕೇಳಿದವರಿಗೆ ವಿಮಾನದ ಟಿಕೆಟ್ಟನ್ನು ವಿಭಾಗದ ಖಾತೆಯಿಂದ ನೇರವಾಗಿ ಕೊಳ್ಳುವ ಏರ್ಪಾಡಿಗೆ ಹಣಕಾಸು ಕಚೇರಿಯನ್ನು ಒಪ್ಪಿಸಲು ಒಂದು ಇಡೀ ಸೆಮಿಸ್ಟರ್ ಹಿಡಿಯಿತು.

ಇನ್ನು ಆ ಖಾಲಿ ಕುರ್ಚಿ. 2016ರ ಬೇಸಿಗೆಯಲ್ಲಿ ನಾನು ಪ್ರತಿ ಸಮಿತಿಯ ಕಾರ್ಯದರ್ಶಿಗೂ ಬರೆದು ಮೂರೇ ಪ್ರಶ್ನೆ ಕೇಳಿದೆ: ನಿಮ್ಮಲ್ಲಿ ನಮಗೆ ಎಷ್ಟು ಸ್ಥಾನವಿದೆ, ನೀವು ಯಾವ ತಿಂಗಳು ಸೇರುತ್ತೀರಿ, ತೀರ್ಮಾನ ಯಾವ ತಿಂಗಳಾಗುತ್ತದೆ? ಉತ್ತರಗಳನ್ನೆಲ್ಲ ಗೋಡೆಯ ಮೇಲಿನ ಒಂದು ಕ್ಯಾಲೆಂಡರಿನಲ್ಲಿ ಬರೆದೆ. ಶುಲ್ಕ ಸಮಿತಿಗೆ ಅಕ್ಟೋಬರ್, ವಿಮೆಯ ಹಿಂದಿನ ವರ್ಷದ ಕ್ಲೇಮುಗಳ ವರದಿಗೆ ನವೆಂಬರ್, ಕಂಪನಿಯ ಹೊಸ ದರಪಟ್ಟಿಗೆ ಜನವರಿ, ಸಹಿಗೆ ಫೆಬ್ರವರಿ. ನಮ್ಮ ಸಭೆಗಳ ವಿಷಯಪಟ್ಟಿಯನ್ನು ಅದಕ್ಕೆ ಒಂದು ತಿಂಗಳು ಮುಂಚಿತವಾಗಿ ಹೊಂದಿಸಿದೆವು. ವಿಮಾ ಸಮಿತಿಗೆ ಸಾರ್ವಜನಿಕ ಆರೋಗ್ಯ ವಿಭಾಗದ ಪಿಎಚ್.ಡಿ. ವಿದ್ಯಾರ್ಥಿನಿಯೊಬ್ಬರನ್ನು ಕಳುಹಿಸಿದೆವು, ಕ್ಲೇಮುಗಳ ಕೋಷ್ಟಕವನ್ನು ಓದಬಲ್ಲವರು ನಮ್ಮಲ್ಲಿ ಅವರೇ ಇದ್ದರು. ಆ ವರ್ಷವೂ ಕಂತು ಇಳಿಯಲಿಲ್ಲ. ಆದರೆ ಗಂಡ, ಹೆಂಡತಿ, ಮಕ್ಕಳ ವಿಮೆಗೆ ಒಂದೇ ಸಲಕ್ಕೆ ಪೂರ್ತಿ ಹಣ ಕಟ್ಟಬೇಕಾಗಿದ್ದುದು ತಪ್ಪಿ, ತಿಂಗಳ ಸಂಬಳದಿಂದ ಕಡಿತವಾಗುವಂತಾಯಿತು.

ನಾನು ಅಧ್ಯಕ್ಷನಾಗಿದ್ದಾಗ, 2017ರ ನವೆಂಬರ್‌ನಲ್ಲಿ, ಕ್ಯಾಲೆಂಡರಿನಲ್ಲಿಲ್ಲದ ಕೆಲಸವೊಂದು ಬಂದೆರಗಿತು. ಅಮೆರಿಕದ ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ ಅಂಗೀಕರಿಸಿದ ತೆರಿಗೆ ಮಸೂದೆಯಲ್ಲಿ, ಬೋಧನಾ ಮತ್ತು ಸಂಶೋಧನಾ ಸಹಾಯಕರಿಗೆ ಸಿಗುವ ಬೋಧನಾ ಶುಲ್ಕದ ವಿನಾಯಿತಿಯನ್ನೂ ಆದಾಯವೆಂದು ಎಣಿಸುವ ಅಂಶವಿತ್ತು. ವರ್ಷಕ್ಕೆ 20,000 ಡಾಲರ್ ಸಂಬಳ, 25,000 ಡಾಲರ್ ಶುಲ್ಕ ವಿನಾಯಿತಿ ಇರುವವರು ಕೈಗೇ ಬಾರದ ಹಣವನ್ನೂ ಸೇರಿಸಿ 45,000ಕ್ಕೆ ತೆರಿಗೆ ಲೆಕ್ಕ ಹಾಕಬೇಕಾಗುತ್ತಿತ್ತು. ದೇಶದ ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿಗಳು ತರಗತಿ ಬಿಟ್ಟು ಹೊರಬಂದು ಪ್ರತಿಭಟಿಸಿದರು. ನಾವು ಪ್ರತಿ ವಿಭಾಗಕ್ಕೂ ಒಂದು ಪುಟದ ಲೆಕ್ಕ ಸಿದ್ಧಪಡಿಸಿ, ಸಂಸದರ ಕಚೇರಿಗಳಿಗೆ ಫೋನ್ ಮಾಡುವವರಿಗೆ ಹಂಚಿದೆವು. ಮತದಾನದ ಹಕ್ಕಿಲ್ಲದ ನಾನೂ ಫೋನ್ ಮಾಡಿದೆ. ಆ ಕಡೆಯವರು ಕೇಳಿದ್ದು ನನ್ನ ವಿಳಾಸದ ಜಿಪ್ ಕೋಡ್ ಒಂದನ್ನೇ. ಡಿಸೆಂಬರ್ 22ರಂದು ಕಾನೂನಾದ ಅಂತಿಮ ಮಸೂದೆಯಲ್ಲಿ ಆ ಅಂಶ ಇರಲಿಲ್ಲ.

ಸಂಬಳದ ದೂರು ತಂದವರಿಗೆ ನಾವು ಕಾರ್ಮಿಕ ಸಂಘವಲ್ಲ ಎಂದು ಹಲವು ಸಲ ವಿವರಿಸಬೇಕಾಗುತ್ತಿತ್ತು. ವಿಸ್ಕಾನ್ಸಿನ್‌ನ ಬೋಧನಾ ಸಹಾಯಕರು 1966ರಲ್ಲೇ ಸಂಘ ಕಟ್ಟಿದ್ದರು. ಖಾಸಗಿ ವಿಶ್ವವಿದ್ಯಾಲಯಗಳ ಸಹಾಯಕರೂ ನೌಕರರೇ ಎಂದು ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಮಂಡಳಿ 2016ರಲ್ಲಿ ಕೊಲಂಬಿಯಾ ಪ್ರಕರಣದಲ್ಲಿ ಹೇಳಿತ್ತು. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದು ಆಯಾ ರಾಜ್ಯದ ಕಾನೂನಿಗೆ ಬಿಟ್ಟದ್ದು. ಸಂಘಕ್ಕೆ ಚೌಕಾಸಿ ಮಾಡಿ ಕರಾರಿಗೆ ಸಹಿ ಹಾಕುವ ಹಕ್ಕಿದೆ. ನಮಗಿದ್ದುದು ಸಲಹೆ ಕೊಡುವ ಹಕ್ಕು ಮಾತ್ರ, ಅದನ್ನು ಮರೆಮಾಚಿ ಯಾರಿಗೂ ಆಸೆ ಹುಟ್ಟಿಸಬಾರದೆಂದು ನಾನು ಎಚ್ಚರ ವಹಿಸುತ್ತಿದ್ದೆ.

ವಿದೇಶಿ ವಿದ್ಯಾರ್ಥಿಯೊಬ್ಬರು ಇಂಥ ಹುದ್ದೆಗೆ ನಿಲ್ಲುವ ಮುನ್ನ ಒಂದು ವಿಚಾರಣೆ ಮಾಡಿಕೊಳ್ಳಬೇಕು. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್ಸಿನ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ, ನಾನು ಪ್ರಯೋಗಾಲಯದಲ್ಲಿ ಆಗಲೇ ಅಷ್ಟನ್ನೂ ದುಡಿಯುತ್ತಿದ್ದೆ. ಅಧ್ಯಕ್ಷನ ಹುದ್ದೆಗೆ ವೇತನವಿದ್ದುದರಿಂದ, ವಿದೇಶಿ ವಿದ್ಯಾರ್ಥಿಗಳ ಕಚೇರಿಯಿಂದ ಲಿಖಿತ ಉತ್ತರ ಪಡೆದು, ಪ್ರಯೋಗಾಲಯದ ಕೆಲಸವನ್ನು 10 ಗಂಟೆಗೆ ಇಳಿಸಿ, ಉಳಿದ 10 ಗಂಟೆಯನ್ನು ಹುದ್ದೆಗೆ ಕೊಟ್ಟೆ. ನನ್ನ ಮಾರ್ಗದರ್ಶಕಿ ಒಪ್ಪಿದರು. ಒಂದೇ ವರ್ಷ, ಬುಧವಾರದ ಸಭೆ ತಪ್ಪಿಸಬಾರದು ಎಂಬ ಎರಡು ಷರತ್ತು ಹಾಕಿದರು. ನನ್ನ ಪ್ರಬಂಧ ಒಂದು ಸೆಮಿಸ್ಟರ್ ತಡವಾದುದಕ್ಕೆ ಆ ವರ್ಷವೂ ಒಂದು ಕಾರಣ.

ಚುನಾವಣೆ ಮಾರ್ಚ್‌ನಲ್ಲಿ, ಅಧಿಕಾರ ವಹಿಸುವುದು ಮೇ ತಿಂಗಳಲ್ಲಿ. ಸ್ಪರ್ಧೆ ಹೆಚ್ಚೇನೂ ಇರುತ್ತಿರಲಿಲ್ಲ. ಗೆದ್ದವರಿಗೆ ಹಿಂದಿನವರಿಂದ ಏನೂ ಸಿಗದಿರುವುದೇ ನಿಜವಾದ ಕಷ್ಟ. ನಾನು ಖಜಾಂಚಿಯಾದಾಗ ಹಿಂದಿನವರು ಪದವಿ ಪಡೆದು ಬೇರೆ ರಾಜ್ಯಕ್ಕೆ ಹೋಗಿದ್ದರು, ಲೆಕ್ಕಗಳು ಅವರ ಸ್ವಂತ ಮಿಂಚಂಚೆಯಲ್ಲಿದ್ದವು. ಊರಿನ ಡೇರಿಯಲ್ಲಿ ಕಾರ್ಯದರ್ಶಿ ಬದಲಾದಾಗ ನಡವಳಿ ಪುಸ್ತಕ, ರಸೀದಿ ಪುಸ್ತಕ, ಬೀಗದ ಕೈ ಎಲ್ಲವನ್ನೂ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ ಅಧಿಕಾರ ಹಸ್ತಾಂತರ ಮಾಡುತ್ತಿದ್ದುದನ್ನು ನಾನು ಕಂಡಿದ್ದೆ. ಅದನ್ನೇ ಅಲ್ಲಿಯೂ ತಂದೆ. ಮಿಂಚಂಚೆಯೂ ಕಡತಗಳೂ ಹುದ್ದೆಯ ಹೆಸರಿನಲ್ಲಿರಬೇಕು. ಏಪ್ರಿಲ್ ಪೂರ್ತಿ ಹೊಸಬರು ಹಳಬರೊಂದಿಗೆ ಪ್ರತಿ ಸಭೆಗೂ ಹೋಗಬೇಕು. ಹೊರಡುವ ಪ್ರತಿ ಪದಾಧಿಕಾರಿಯೂ ಬರೆದುಕೊಟ್ಟ ಟಿಪ್ಪಣಿಯನ್ನು ಏಪ್ರಿಲ್ ಸಭೆಯ ಮುಂದಿಟ್ಟು ನಡವಳಿಯಲ್ಲಿ ದಾಖಲಿಸಬೇಕು. ಈ ಮೂರೂ 2018ರ ಫೆಬ್ರವರಿಯಲ್ಲಿ ಬೈಲಾಕ್ಕೆ ಸೇರಿದವು.

ಆ ಏಪ್ರಿಲ್‌ನಲ್ಲಿ ನನ್ನ ಟಿಪ್ಪಣಿ ವಿಷಯಪಟ್ಟಿಯ ಆರನೆಯ ಅಂಶವಾಗಿತ್ತು. ಮೊದಲ ಪುಟದಲ್ಲಿ ಸಮಿತಿಗಳ ಕ್ಯಾಲೆಂಡರ್, ಎರಡನೆಯದರಲ್ಲಿ ಪ್ರತಿ ವಿಭಾಗದ ಕಚೇರಿಯಲ್ಲಿ ಯಾರನ್ನು ಕಾಣಬೇಕೆಂಬ ಪಟ್ಟಿ. ಹೊಸ ಅಧ್ಯಕ್ಷೆ ಅದನ್ನು ನೋಡಿ, ವಿಮಾ ಸಮಿತಿಗೆ ಮುಂದಿನ ವರ್ಷದ ಹೆಸರನ್ನು ಈ ಸಭೆಯಲ್ಲೇ ಸೂಚಿಸಬಹುದೇ ಎಂದು ಕೇಳಿದರು. ಒಬ್ಬರು ಸೂಚಿಸಿದರು, ಒಬ್ಬರು ಅನುಮೋದಿಸಿದರು, ಕಾರ್ಯದರ್ಶಿ ಬರೆದುಕೊಂಡರು.