ಹೆಸರು ಕರೆದರೆ ತಿರುಗುತ್ತಾನಾ?

ಉಡುಪಿಯಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿ ಕೆಲಸ ಮಾಡುವ ನನಗೆ ವಾರಕ್ಕೊಮ್ಮೆಯಾದರೂ ಕೇಳಿಬರುವ ಮಾತು: "ಮನೆಯಲ್ಲಿ ತುಳು, ಕನ್ನಡ, ಕೊಂಕಣಿ ಮೂರೂ ಇದೆ ಮೇಡಂ, ಅದಕ್ಕೇ ಮಗುವಿಗೆ ಮಾತು ತಡ." ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಇದಕ್ಕೆ ತಲೆಯಾಡಿಸಿದ್ದೆ. ಒಂದೂವರೆ ವರ್ಷದ ಹುಡುಗಿಯ ತಾಯಿಗೆ "ಇನ್ನಾರು ತಿಂಗಳು ನೋಡುವ" ಅಂದಿದ್ದೆ. ಅವರು ಮತ್ತೆ ಬಂದದ್ದು ಮಗುವಿಗೆ ಮೂರೂವರೆ ತುಂಬಿದ ಮೇಲೆ. ಆ ಎರಡು ವರ್ಷ ನನ್ನ ಮಾತಿನಿಂದಾಗಿ ಕೈಬಿಟ್ಟುಹೋಯಿತು ಎಂಬುದು ಇವತ್ತಿಗೂ ಚುಚ್ಚುತ್ತದೆ.

ಮಾತು ತಡವಾದಾಗ ಅನುಮಾನಿಸಬೇಕಾದದ್ದರಲ್ಲಿ ಆಟಿಸಂ ಒಂದು. ಇನ್ನೊಬ್ಬರೊಡನೆ ಬೆರೆಯುವುದು, ಸಂವಹಿಸುವುದು ಕಷ್ಟವಾಗುವ ಬೆಳವಣಿಗೆಯ ಸ್ಥಿತಿ ಅದು. ಮೂರು ಭಾಷೆ ಕೇಳಿಸಿಕೊಂಡದ್ದರಿಂದ ಅದು ಬರುವುದಿಲ್ಲ. ನಮ್ಮ ಕರಾವಳಿಯ ಮಕ್ಕಳೆಲ್ಲ ಹಾಗೇ ಬೆಳೆದವರು. ಅದಕ್ಕೇ ಈಗ "ಮಾತು ಬಂತಾ?" ಎಂದು ಮೊದಲು ಕೇಳುವುದನ್ನು ಬಿಟ್ಟಿದ್ದೇನೆ. ನೆಲದ ಮೇಲೆ ಕೂತು ಇಪ್ಪತ್ತು ನಿಮಿಷ ಮಗುವನ್ನು ನೋಡುತ್ತೇನೆ, ಅಷ್ಟೇ.

ಮಲ್ಪೆ ಕಡೆಯ ಒಂದು ಮನೆ. ಮಗುವಿಗೆ 14 ತಿಂಗಳು. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲದ ಮೇಲೆ ಗಿರಗಿರ ತಿರುಗಿಸುತ್ತಾ ಕೂತಿತ್ತು. ನಿಂತರೆ ಮತ್ತೆ ತಿರುಗಿಸುವುದು. ಹಿಂದಿನಿಂದ ಹೆಸರು ಹಿಡಿದು ಕರೆದೆ. ನಾಲ್ಕು ಸಲ ಕರೆದರೂ ತಲೆ ಎತ್ತಲಿಲ್ಲ. ಒಳಗೆ ಬಿಸ್ಕತ್ ಪ್ಯಾಕೆಟ್ ಸರಸರ ಅಂದದ್ದೇ ಥಟ್ಟನೆ ತಿರುಗಿತು. ಜಗಲಿಯಲ್ಲಿ ಬೆಕ್ಕು ಬಂದಾಗ ಅಜ್ಜಿ "ಅಂಚಿ ತೂಲ, ಪುಚ್ಚೆ!" ಎಂದು ಬೆರಳು ತೋರಿಸಿದರು. ಮಗು ಬೆಕ್ಕನ್ನೂ ನೋಡಲಿಲ್ಲ, ಅಜ್ಜಿಯನ್ನೂ ನೋಡಲಿಲ್ಲ. ಬಿಸ್ಕತ್ ಬೇಕಾದಾಗ ಮಾತ್ರ ನನ್ನ ಮಣಿಕಟ್ಟು ಹಿಡಿದೆಳೆದು ಕೈಯನ್ನು ಡಬ್ಬಿಯ ಮೇಲೆ ಇಟ್ಟಿತು, ಮುಖದ ಕಡೆ ಕಣ್ಣು ಹಾಯಿಸದೆ.

"ಇವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು," ಅಂದರು ಅಜ್ಜಿ. ಇರಬಹುದು. ಆದರೆ ಆ ಅಪ್ಪ ಮಾತಿಲ್ಲದ ಕಾಲದಲ್ಲೂ ಕಾಗೆ ಕಂಡರೆ ಬೆರಳು ತೋರಿಸಿ ಅಮ್ಮನ ಮುಖ ನೋಡುತ್ತಿದ್ದನೇ? ನನಗೆ ತಿಳಿಯಬೇಕಾದದ್ದು ಅದು. ತಾನು ಕಂಡದ್ದನ್ನು ಇನ್ನೊಬ್ಬರಿಗೂ ತೋರಿಸಬೇಕೆಂಬ ಆಸೆ ಒಂದು ವರ್ಷದ ಆಚೀಚೆ ಮಕ್ಕಳಲ್ಲಿ ಮೂಡುತ್ತದೆ. ಅದು ಕಾಣದಿದ್ದರೆ ನಾನು ಕಾಯುವುದಿಲ್ಲ.

ಲಸಿಕೆಗೆ ಹೋಗುವ ದಿನಗಳನ್ನೇ ಗುರುತಾಗಿ ಇಟ್ಟುಕೊಳ್ಳಿ ಎಂದು ತಾಯಂದಿರಿಗೆ ಹೇಳುತ್ತೇನೆ. 9 ತಿಂಗಳ ದಡಾರ-ರುಬೆಲ್ಲಾ ಚುಚ್ಚುಮದ್ದಿನ ಹೊತ್ತಿಗೆ ಮಗು ನಿಮ್ಮ ನಗುವಿಗೆ ನಗುತ್ತದೆಯೇ, ಹೆಸರಿಗೆ ತಿರುಗುತ್ತದೆಯೇ? 12 ತಿಂಗಳಿಗೆ ಬಾಬಾ, ದಾದಾ ಎಂಬ ತೊದಲು, ಟಾಟಾ ಮಾಡುವುದು ಇದೆಯೇ? 16ರಿಂದ 24 ತಿಂಗಳೊಳಗೆ ಎರಡನೇ ಡೋಸ್. ಆಟಿಸಂನ ಸುಳಿವು ಹುಡುಕುವ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯನ್ನು ಕೇಳುವುದೂ 16ರಿಂದ 30 ತಿಂಗಳಲ್ಲೇ. ಬಂದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ತಡಮಾಡಬಾರದು. ಕೆಲವು ಮಕ್ಕಳಲ್ಲಿ ಹೀಗಾಗುವುದು ಎರಡನೇ ಡೋಸ್‌ನ ಆಸುಪಾಸಿನಲ್ಲೇ ಆದ್ದರಿಂದ ಲಸಿಕೆಯ ಮೇಲೆ ಗುಮಾನಿ ಬರುತ್ತದೆ. ಆ ಗುಮಾನಿ ಹಬ್ಬಿಸಿದ 1998ರ ಲೇಖನವನ್ನು ಪ್ರಕಟಿಸಿದ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಚುಚ್ಚುಮದ್ದು ತಪ್ಪಿಸಬೇಡಿ.

ಇವುಗಳಲ್ಲಿ ಒಂದು ಕಂಡರೆ ಆಟಿಸಂ ಎಂದಾಗದು. ಆಟಿಸಂ ಹೌದೋ ಅಲ್ಲವೋ ಎಂದು ಹೇಳುವವರು ಮಕ್ಕಳ ಬೆಳವಣಿಗೆಯ ತಜ್ಞ ವೈದ್ಯರು, ನಾನಲ್ಲ. ಅದಕ್ಕೂ ಮೊದಲು ಕಿವಿಯ ಪರೀಕ್ಷೆ ಆಗಲೇಬೇಕು. ಬಿಸ್ಕತ್ ಸದ್ದಿಗೆ ತಿರುಗಿದ ಮಾತ್ರಕ್ಕೆ ಕಿವಿ ಸರಿಯಿದೆ ಎನ್ನಲಾಗದು. ಸದ್ದಿಗೆ ಒಳಕಿವಿ ಸ್ಪಂದಿಸುತ್ತದೆಯೇ ಎಂದು ನೋಡುವ ಓಎಇ, ಬೇಕಾದರೆ ಸದ್ದು ನರದ ಮೂಲಕ ಮಿದುಳಿಗೆ ತಲುಪುತ್ತದೆಯೇ ಎಂದು ನೋಡುವ ಬೆರಾ. ಇಷ್ಟೆಲ್ಲ ಮುಗಿಯಲು ತಿಂಗಳುಗಳು ಹಿಡಿಯುತ್ತವೆ. ಆಟ ಶುರುಮಾಡಲು ಯಾವ ರಿಪೋರ್ಟೂ ಬೇಡ.

ಮಲ್ಪೆಯ ಮನೆಯಲ್ಲಿ ಅದೇ ಮುಚ್ಚಳದಿಂದ ಶುರುಮಾಡಿದೆವು. ಅಜ್ಜಿ ಎದುರಿಗೆ ಕೂತು ಮುಚ್ಚಳವನ್ನು ತಮ್ಮ ಕಣ್ಣಿನ ಹತ್ತಿರ ಹಿಡಿಯುವುದು, ಒಮ್ಮೆ ತಿರುಗಿಸುವುದು, ನಿಲ್ಲಿಸಿ ಹತ್ತು ಎಣಿಸುವವರೆಗೆ ಸುಮ್ಮನಿರುವುದು. ಮಗು ಮುಖ ನೋಡಿದ ಕೂಡಲೇ ಮತ್ತೆ ತಿರುಗಿಸುವುದು. ಊಟಕ್ಕೆ ಮೊಬೈಲ್ ಬೇಡ ಅಂದೆ. ಮೊಬೈಲ್‌ನಿಂದ ಆಟಿಸಂ ಬಂತೆಂದು ಆ ತಾಯಿಯನ್ನು ದೂರಿದವರಿದ್ದರು. ಅದು ಅನ್ಯಾಯದ ಮಾತು. ಮುಖ ನೋಡುವ ಹೊತ್ತು ಹೆಚ್ಚಲಿ ಎಂದಷ್ಟೇ ನಾನು ಹೇಳಿದ್ದು.

ಮೊದಲ ವಾರಗಳಲ್ಲಿ ಏನೂ ಇಲ್ಲ. ಐದನೇ ತಿಂಗಳಲ್ಲಿ ಒಂದು ಸಂಜೆ ಅಜ್ಜಿ ಫೋನ್ ಮಾಡಿದರು. "ಮೇಡಂ, ಆಯೆ ಎನ್ನ ಮೋನೆ ತೂಯೆ." ಅಂದರೆ, "ಅವನು ನನ್ನ ಮುಖ ನೋಡಿದ" ಎಂದು.

ಮಾತು ಇನ್ನೂ ಬಂದಿಲ್ಲ. ವಾರಕ್ಕೆ ಎರಡು ದಿನ ಬರುತ್ತಿದ್ದಾರೆ.